ಭಾವ ಎಳೆದ ಹನ್ನೆರಡನೇ ಗೆರೆ

ನಮ್ಮ ಬೀದಿಯ ಗಡಿಯಾರ ರಿಪೇರಿಯವನು ಜೀವಮಾನದಲ್ಲಿ ಒಂದು ಸೈಕಲ್ಲನ್ನೂ ತುಳಿದವನಲ್ಲ. ಮನೆಯಿಂದ ಅಂಗಡಿಗೆ ಇನ್ನೂರ ಹನ್ನೊಂದು ಹೆಜ್ಜೆ; ಅಷ್ಟನ್ನೂ ಗೋಡೆಗೆ ಅಂಟಿಕೊಂಡೇ ನಡೆಯುತ್ತಿದ್ದ. ರಸ್ತೆ ದಾಟಬೇಕಾದರೆ ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ, ಕೊನೆಗೆ ಯಾಕೋ ಅನುಮಾನ ಬಂದು ದಾಟದೆ ವಾಪಸ್ಸಾಗುವುದೂ ಇತ್ತು. ಇಂಥ ಶೂರ, ಗಂಟೆಗೆ ಮುನ್ನೂರು ಕಿಲೋಮೀಟರ್ ಓಡುವ ಕಾರ್ ರೇಸಿನ ವಿಷಯದಲ್ಲಿ ನಮಗೆಲ್ಲ ಸರ್ವೋಚ್ಚ ನ್ಯಾಯಾಲಯವಾಗಿದ್ದ.

ನ್ಯಾಯಾಲಯದ ಅಗಲ ಎಂಟು ಅಡಿ, ಉದ್ದ ಹತ್ತು ಅಡಿ. ಗೋಡೆ ತುಂಬ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು. ಅವುಗಳಲ್ಲಿ ಯಾವುದು ಸರಿ ಎಂಬುದು ಅವನೊಬ್ಬನಿಗೇ ಗೊತ್ತು. ಕಬ್ಬಿಣದ ಬೀರುವಿನ ತಲೆಯ ಮೇಲೆ ಟಿವಿ. ರೇಸಿರುವ ಭಾನುವಾರ ನಾವು ಆರು ಜನ ಅಲ್ಲಿ ಸೇರುತ್ತಿದ್ದೆವು. ಒಬ್ಬ ಉಸಿರು ಎಳೆದುಕೊಂಡರೆ ಇನ್ನೊಬ್ಬ ಬಿಡಬೇಕಾಗುವಷ್ಟು ಇಕ್ಕಟ್ಟು. ಆರು ಜನರಲ್ಲಿ ಒಬ್ಬ ಅವನ ಹೆಂಡತಿಯ ತಮ್ಮ, ಸಿಟಿ ಬಸ್ ಡ್ರೈವರ್. ಅವನು 'ಭಾವ' ಎಂದು ಕರೆಯುತ್ತಿದ್ದುದರಿಂದ ಗಡಿಯಾರದವನು ನಮ್ಮೆಲ್ಲರಿಗೂ ಭಾವನೇ ಆದ. ಔಷಧಿ ಅಂಗಡಿಯ ಎಪ್ಪತ್ತರ ಮುದುಕರೂ ಅವನನ್ನು ಭಾವ ಎನ್ನುತ್ತಿದ್ದರು.

ಭಾವಮೈದುನನಿಗೆ ನಾವಿಟ್ಟ ಹೆಸರು ಫುಲ್‌ಸ್ಪೀಡು. ಅವನ ಬಸ್ಸಿಗೆ ಅರವತ್ತು ದಾಟದಂತೆ ಕಂಪನಿಯವರೇ ಬೀಗ ಹಾಕಿದ್ದರು. ಅವನು ನಲವತ್ತನ್ನೇ ದಾಟಿಸುತ್ತಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ನಾಯಿಗೂ ಅವನ ಚಕ್ರ ತಾಗಿದ್ದಿಲ್ಲ. ಸೀಟಿಗೆ ಏರಿದೊಡನೆ ಫೋನ್ ಆಫ್ ಮಾಡಿ ಜೇಬಿಗೆ ಹಾಕಿಕೊಳ್ಳುವವನು. ಆದರೆ ಟಿವಿ ಮುಂದೆ ಕೂತನೋ, ಅವನಂಥ ಅರಾಜಕ ಇನ್ನೊಬ್ಬನಿರಲಿಲ್ಲ. ದಂಡ ಬೇಡ, ಬಾವುಟ ಬೇಡ, ಟೈರ್ ಬದಲಿಸುವ ಪಿಟ್ಟಿನಲ್ಲಿ ವೇಗದ ಮಿತಿಯೂ ಬೇಡ. ಚಾಲಕನ ತಲೆ ಕಾಯಲು ಕಾರಿನ ಮೇಲೆ ಬಳೆಯಂಥ ಲೋಹದ ಕಂಬಿ ಕೂರಿಸಿದ ವರ್ಷ ಅವನು ಹದಿನೈದು ದಿನ ಸೂತಕದವನ ಹಾಗೆ ಓಡಾಡಿದ.

"ಚಪ್ಪಲಿ ಪಟ್ಟಿ ಹಾಕಿದ್ದಾರೆ ಭಾವ, ಚಪ್ಪಲಿ ಪಟ್ಟಿ! ಇದು ರೇಸ್ ಕಾರೋ, ಬಾತ್‌ರೂಮ್ ಸ್ಲಿಪ್ಪರೋ?"

"ತಲೆ ಉಳಿದ್ರೆ ಚಪ್ಪಲಿನೂ ಹಾಕ್ಕೋಬಹುದು, ಟೋಪಿನೂ ಹಾಕ್ಕೋಬಹುದು," ಎಂದು ಭಾವ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ ತೀರ್ಪಿತ್ತ.

"ನಿಮಗೇನು, ನೀವು ಗೋಡೆ ಸವರಿಕೊಂಡು ನಡೆಯೋರು. ನಾನು ವಾರವಿಡೀ ಬ್ರೇಕ್ ಒತ್ತಿ ಒತ್ತಿ ಮಂಡಿ ಸವೆಸಿಕೊಂಡಿದ್ದೀನಿ. ಒಬ್ಬನಾದ್ರೂ ಬ್ರೇಕಿಂದ ಕಾಲು ತೆಗೆದು ಓಡಿಸೋದನ್ನ ನೋಡೋಣ ಅಂತ ಇಲ್ಲಿಗೆ ಬಂದ್ರೆ, ನೀವು ಇಲ್ಲೂ ಟ್ರಾಫಿಕ್ ಪೊಲೀಸ್!"

ಈ ಜಗಳವೇ ನಮಗೆ ರೇಸಿಗಿಂತ ರುಚಿ. ಎಷ್ಟೋ ಸಲ ಯಾರು ಗೆದ್ದರೆಂಬುದು ಮರುದಿನ ನೆನಪಿರುತ್ತಿರಲಿಲ್ಲ. ಯಾರು ಯಾರಿಗೆ ಏನಂದರೆಂಬುದು ವರ್ಷವಿಡೀ ನೆನಪಿರುತ್ತಿತ್ತು.

ಜಗಳ ಜೋರಾದಂತೆ ಭಾವ ನಮಗೂ ಕಾನೂನು ಮಾಡಿದ. ರೇಸಿನಲ್ಲಿ ಚಾಲಕರಿಗೆ ಹೇಗೆ ದಂಡದ ಅಂಕಗಳಿವೆಯೋ ಹಾಗೆ ನೋಡುವವರಿಗೂ. ರೇಸು ಶುರುವಾಗುವ ಮುನ್ನ ಐದು ಕೆಂಪು ದೀಪ ಹೊತ್ತಿರುವಾಗ ಬಾಯಿ ಬಿಟ್ಟರೆ ಒಂದು ಗೆರೆ. ತೀರ್ಪುಗಾರರು ಹೇಳುವ ಮೊದಲೇ 'ಮೋಸ' ಎಂದರೆ ಎರಡು. ಟಿವಿಗೆ ಅಡ್ಡ ನಿಂತರೆ ಒಂದು, ಅಡ್ಡ ನಿಂತವನು ದಪ್ಪಗಿದ್ದರೆ ಎರಡು. ಇದು ಔಷಧಿ ಅಂಗಡಿಯವರನ್ನು ಉದ್ದೇಶಿಸಿ ಮಾಡಿದ ತಿದ್ದುಪಡಿ. ಯಾವುದಾದರೂ ಅಪಾಯ ಕೂದಲೆಳೆಯಲ್ಲಿ ತಪ್ಪಿದಾಗ 'ಏನೂ ಆಗಲಿಲ್ಲವಲ್ಲ' ಎಂದವರಿಗೆ ಮಾಫಿಯೇ ಇಲ್ಲದ ಒಂದು ಗೆರೆ. "ಪ್ರಪಂಚದಲ್ಲಿ ಆದ ಅಪಘಾತಗಳಿಗೆಲ್ಲ ಹಿಂದಿನ ದಿನ ಯಾರೋ ಈ ಮಾತು ಆಡಿರ್ತಾರೆ," ಎಂಬುದು ಭಾವನ ಸಿದ್ಧಾಂತ. ಹನ್ನೆರಡು ತಿಂಗಳಲ್ಲಿ ಹನ್ನೆರಡು ಗೆರೆಯಾದರೆ ಮುಂದಿನ ಒಂದು ರೇಸಿಗೆ ಅಂಗಡಿಯೊಳಗೆ ಪ್ರವೇಶವಿಲ್ಲ. ಗೆರೆಗಳು ಬೀರುವಿನ ಬಾಗಿಲ ಒಳಮೈಯಲ್ಲಿ, ಸೀಮೆಸುಣ್ಣದಲ್ಲಿ, ತಾರೀಖಿನೊಂದಿಗೆ. ನಾವು ನಗುತ್ತ ಒಪ್ಪಿದೆವು. ಗೆರೆ ಎಳೆಸಿಕೊಳ್ಳುವುದೂ ಒಂದು ಗೌರವವಾಗಿತ್ತು.

ಫುಲ್‌ಸ್ಪೀಡಿನ ದೇವರು ಒಬ್ಬ ನೀಲಿ ಹೆಲ್ಮೆಟ್ಟಿನವನು. ಹದಿನೇಳು ವರ್ಷದಿಂದ ಓಡಿಸುತ್ತಿದ್ದ, ಒಂದು ರೇಸೂ ಗೆದ್ದಿರಲಿಲ್ಲ. ಎರಡನೆಯವನಾಗಿ ಬರುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಇಂಜಿನ್ ಹೊಗೆಯುಗುಳುವುದು, ಟೈರ್ ಒಡೆಯುವುದು, ಮಳೆ ಬರುವುದು, ಬರಬೇಕಾದ ಮಳೆ ಬಾರದಿರುವುದು, ಎಲ್ಲವೂ ಅವನಿಗೇ ಆಗಬೇಕು. ಆ ವರ್ಷವೇ ತನ್ನ ಕೊನೆಯ ವರ್ಷ ಎಂದು ಅವನು ಘೋಷಿಸಿಬಿಟ್ಟಿದ್ದ. ಫುಲ್‌ಸ್ಪೀಡು ಅಂದಿನಿಂದ ರೇಸಿರುವ ಭಾನುವಾರ ಡ್ಯೂಟಿ ಮಾಡುವುದನ್ನೇ ಬಿಟ್ಟ. ಬೇರೆಯವರ ಸೋಮವಾರದ ಬೆಳಗಿನ ಪಾಳಿಗಳನ್ನೆಲ್ಲ ತಾನೇ ಹೊತ್ತು ಭಾನುವಾರಗಳನ್ನು ಬಿಡಿಸಿಕೊಂಡ. "ಗೆಲ್ಲೋದನ್ನ ಒಂದ್ಸಲ ಕಣ್ಣಾರೆ ನೋಡಬೇಕು ಭಾವ. ಆಮೇಲೆ ಈ ಹಾಳು ರೇಸನ್ನೇ ಬಿಟ್ಟುಬಿಡ್ತೀನಿ," ಎನ್ನುತ್ತಿದ್ದ.

ಆ ವರ್ಷದ ಕೊನೆಯ ರೇಸಿಗೆ ಒಂದು ಹಿಂದಿನ ರೇಸು. ಮಳೆ. ಒಂದು ಕಾರು ತಿರುವಿನಲ್ಲಿ ಜಾರಿ ತಡೆಗೋಡೆಗೆ ನುಗ್ಗಿತ್ತು. ಕಿತ್ತಳೆ ಬಟ್ಟೆಯ ಸಿಬ್ಬಂದಿ ಅದನ್ನು ಎಳೆಯುತ್ತಿದ್ದರು. ನಿಧಾನಿಸಿ ಎಂದು ಎರಡೆರಡು ಹಳದಿ ಬಾವುಟ ಬೀಸುತ್ತಿದ್ದರು. ನೀಲಿ ಹೆಲ್ಮೆಟ್ಟು ಅಲ್ಲಿ ವೇಗ ತಗ್ಗಿಸಲಿಲ್ಲ. ಸಿಬ್ಬಂದಿಯೊಬ್ಬನ ಬೆನ್ನ ಹಿಂದೆಯೇ ನೀರೆರಚಿಕೊಂಡು ಹೋದ. ಹತ್ತು ಸೆಕೆಂಡ್ ದಂಡ ಬಿತ್ತು; ಮೂರನೆಯವನು ಎಂಟನೆಯವನಾದ.

ಫುಲ್‌ಸ್ಪೀಡು ಎದ್ದು ನಿಂತ. "ಹತ್ತು ಸೆಕೆಂಡಾ? ಕಾರು ಅವನಿಂದ ಮಾರು ದೂರ ಇತ್ತು! ಏನೂ ಆಗ್ಲಿಲ್ಲವಲ್ಲ!"

ನಾವೆಲ್ಲ ಬೀರುವಿನ ಕಡೆ ನೋಡಿದೆವು.

ಭಾವ ಬೀರುವಿನ ಬಾಗಿಲು ತೆರೆದ. ಭಾವಮೈದುನನ ಹೆಸರಿನ ಮುಂದೆ ಹನ್ನೊಂದು ಗೆರೆಗಳಿದ್ದವು. "ಆ ಕಿತ್ತಳೆ ಬಟ್ಟೆಯವನ ಮನೇಲೂ ಯಾರೋ ಅನ್ನಕ್ಕಿಟ್ಟು ಕಾಯ್ತಿರ್ತಾರೆ ಕಣೋ," ಎಂದ. ಧ್ವನಿ ಏರಲಿಲ್ಲ. ಹನ್ನೆರಡನೇ ಗೆರೆ ಎಳೆದ. ಆಮೇಲೆ ನಮ್ಮ ಕಡೆ ತಿರುಗಿ, "ಒಪ್ಪಿಗೆ ಇದ್ದವರು ಕೈಯೆತ್ತಿ" ಎಂದ. ನಾವು ಎತ್ತಿದೆವು. ತಮಾಷೆ ಎಂದುಕೊಂಡೇ ಎತ್ತಿದೆವು. ಎಲ್ಲರಿಗಿಂತ ಮೊದಲು ಮೇಲೇರಿದ್ದು ನನ್ನ ಕೈ ಎಂಬುದನ್ನು ಇಲ್ಲಿ ಬರೆಯದೆ ಬಿಟ್ಟರೆ ಮೋಸವಾದೀತು.

"ಸರಿ ಭಾವ," ಎಂದು ಫುಲ್‌ಸ್ಪೀಡು ಚಪ್ಪಲಿ ಮೆಟ್ಟಿ ಹೊರಟ. ಮುಂದಿನ ರೇಸೇ ನೀಲಿ ಹೆಲ್ಮೆಟ್ಟಿನ ಕೊನೆಯ ರೇಸು ಎಂಬುದು ಆಗ ನಮ್ಮ ತಲೆಗೆ ಹೊಳೆದರೂ ಯಾರೂ ಬಾಯಿ ಬಿಡಲಿಲ್ಲ. ಅವನು ಬಂದೇ ಬರುತ್ತಾನೆ ಎಂದುಕೊಂಡೆವು. ನಿಯಮವೆಂದರೆ ಮೂಗು ಮುರಿಯುವವನು ನಮ್ಮ ಸೀಮೆಸುಣ್ಣದ ನಿಯಮಕ್ಕೆ ಬಗ್ಗುತ್ತಾನೆಯೇ?

ಇನ್ನು ಮುಂದಿನದನ್ನು ನಮಗೆ ಆಮೇಲೆ ಹೇಳಿದ್ದು ಅಕ್ಕ, ಅಂದರೆ ಭಾವನ ಹೆಂಡತಿ.

ಕೊನೆಯ ರೇಸಿಗೆ ಎರಡು ದಿನ ಮೊದಲು, ಶುಕ್ರವಾರ, ಭಾವ ಯಾರದೋ ಕೈಗಡಿಯಾರದ ತಾರೀಖಿನ ಚಕ್ರ ಸರಿಪಡಿಸುತ್ತಿದ್ದ. ಚಕ್ರ ತಿರುಗಿಸುತ್ತ ತಿರುಗಿಸುತ್ತ ಕೈ ನಿಂತಿತು. ಎದ್ದು ಹೋಗಿ ಬೀರು ತೆರೆದ. ನಮ್ಮ ಭಾವನಿಗೆ ವರ್ಷವೆಂದರೆ ರೇಸಿನಿಂದ ರೇಸಿಗೆ. ಹೋದ ವರ್ಷ ಯಾವ ರೇಸಿನಲ್ಲಿ ಗೆರೆ ಬಿತ್ತೋ, ಈ ವರ್ಷ ಅದೇ ರೇಸು ಮುಗಿದ ಮೇಲೆ ಅಳಿಸುವುದು ಅವನ ಪದ್ಧತಿ. ಫುಲ್‌ಸ್ಪೀಡಿನ ಮೊದಲ ಗೆರೆ ಬಿದ್ದದ್ದು ಮೊನ್ನೆ ಮಳೆ ಬಂದ ಅದೇ ಊರಿನ ಹೋದ ವರ್ಷದ ರೇಸಿನಲ್ಲಿ. ಆದರೆ ಹೋದ ವರ್ಷ ಆ ರೇಸು ಅಕ್ಟೋಬರದ ಮೂರನೇ ಭಾನುವಾರ ನಡೆದಿತ್ತು. ಈ ವರ್ಷ ಸಂಘಟಕರು ಅದನ್ನು ನವೆಂಬರಕ್ಕೆ ತಳ್ಳಿದ್ದರು. ಹನ್ನೆರಡು ತಿಂಗಳು ಮುಗಿದು ಎರಡು ವಾರವಾದ ಮೇಲೂ ಆ ಗೆರೆ ಬಾಗಿಲ ಮೇಲೆ ಕೂತೇ ಇತ್ತು. ಮೊನ್ನೆ ಎಳೆದದ್ದು ಹನ್ನೆರಡನೆಯದಲ್ಲ, ಹನ್ನೊಂದನೆಯದು. ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ವಾದ ಮಾಡುತ್ತಿದ್ದ ಮಹಾನುಭಾವ ಹದಿನಾಲ್ಕು ದಿನ ತಪ್ಪಿದ್ದ.

ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ.

"ಸರಿ, ಫೋನ್ ಮಾಡಿ ಕರೀರಿ ಅವನನ್ನ," ಅಂದಳು ಅಕ್ಕ.

"ತೀರ್ಪು ಕೊಟ್ಟಾಗಿದೆ. ಐದು ಜನ ಕೈಯೆತ್ತಿದ್ದಾರೆ. ಈಗ ನಾನೇ ತಪ್ಪು ಅಂದ್ರೆ ನಾಳೆ ಆ ಬಾಗಿಲಿಗೆ ಯಾರು ಬೆಲೆ ಕೊಡ್ತಾರೆ?"

"ಅದು ಬೀರು ಬಾಗಿಲು ಕಣ್ರೀ, ಹೈಕೋರ್ಟಲ್ಲ. ದಿನಕ್ಕೆ ಹತ್ತು ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿಸ್ತೀರಿ. ಒಂದು ಮಾತು ಹಿಂದಕ್ಕೆ ತಗೊಳ್ಳೋಕೆ ಕೈ ನೋಯುತ್ತಾ?"

"ಅವನು ಹೇಗೂ ಬರ್ತಾನೆ ಬಿಡು. ಯಾವತ್ತು ನನ್ನ ಮಾತು ಕೇಳಿದ್ದಾನೆ?"

"ಬಾಯಲ್ಲಿ ಕೇಳಲ್ಲ," ಅಂದಳಂತೆ ಅಕ್ಕ. "ನಿಮಗೆ ಅವನ ಬಾಯಷ್ಟೇ ಗೊತ್ತು."

ಶನಿವಾರ ಹೋಯಿತು. ಭಾನುವಾರ ಭಾವ ಒಂದು ಗಂಟೆಗೇ ಅಂಗಡಿ ತೆರೆದು, ಬೀರುವಿನ ಪಕ್ಕ ಫುಲ್‌ಸ್ಪೀಡು ಕೂರುವ ಸ್ಟೂಲನ್ನು ಒರೆಸಿ ಇಟ್ಟ. ನಾವು ಬಂದೆವು. ಯಾರೋ ಆ ಸ್ಟೂಲಿನ ಮೇಲೆ ಕೂರಲು ಹೋದಾಗ "ಅದರ ಕಾಲು ಮುರಿದಿದೆ" ಎಂದು ಸುಳ್ಳು ಹೇಳಿದ. ಎರಡೂವರೆಯಾಯಿತು, ಮೂರಾಯಿತು. ಕೆಂಪು ದೀಪ ಹೊತ್ತಿದವು, ಆರಿದವು. ಬಾಗಿಲಲ್ಲಿ ಯಾರ ನೆರಳೂ ಬೀಳಲಿಲ್ಲ.

ಆಮೇಲೆ ನಡೆಯಬಾರದ್ದು ಒಂದೊಂದಾಗಿ ನಡೆಯಿತು. ಮುಂದಿದ್ದವನ ಇಂಜಿನ್ ಹೊಗೆಯುಗುಳಿತು. ಎರಡನೆಯವನು ಪಿಟ್ಟಿನಲ್ಲಿ ವೇಗ ಮೀರಿ ಐದು ಸೆಕೆಂಡ್ ದಂಡ ತಿಂದ. ಹದಿನೇಳು ವರ್ಷ ಕಾಡಿದ ಶನಿ ಅಂದು ಬೇರೆಯವರ ಮನೆ ಹುಡುಕಿಕೊಂಡು ಹೊರಟಿದ್ದ. ಹತ್ತು ಸುತ್ತು ಬಾಕಿ ಇರುವಾಗ ನೀಲಿ ಹೆಲ್ಮೆಟ್ಟು ಮೊದಲ ಸ್ಥಾನದಲ್ಲಿದ್ದ. ನಮಗೆ ಕೂಗಬೇಕೆನಿಸುತ್ತಿತ್ತು, ಕೂಗಲು ಆಗುತ್ತಿರಲಿಲ್ಲ. ಭಾವ ಫೋನ್ ತೆಗೆದು ಒತ್ತಿದ. ಆಫ್. ಮತ್ತೆ ಒತ್ತಿದ. ಆಫ್.

"ಬಸ್ ಮೇಲಿದ್ದಾನೆ," ಎಂದ. ಮುಖ ಸೀಮೆಸುಣ್ಣದ ಬಣ್ಣಕ್ಕೆ ತಿರುಗಿತ್ತು. "ಓಡಿಸುವಾಗ ಅವನು ಫೋನ್ ಆನ್ ಮಾಡಲ್ಲ."

ನೀಲಿ ಹೆಲ್ಮೆಟ್ಟು ಗೆದ್ದ. ಕಾರಿನ ಮೇಲೆ ಹತ್ತಿ ನಿಂತು ಮಗುವಿನ ಹಾಗೆ ಅತ್ತ. ನಮ್ಮ ಅಂಗಡಿಯಲ್ಲಿ ಔಷಧಿ ಅಂಗಡಿಯವರು ಎರಡು ಸಲ ಚಪ್ಪಾಳೆ ತಟ್ಟಿ, ಜೊತೆಗೆ ಯಾರೂ ಇಲ್ಲವೆಂದು ನಿಲ್ಲಿಸಿದರು.

ಸಂಜೆ ಡಿಪೋಗೆ ಹೋಗುವಾಗ ಭಾವ ನನ್ನನ್ನು ಕರೆದುಕೊಂಡು ಹೋದ. ಮೂರು ದೊಡ್ಡ ರಸ್ತೆ ದಾಟಬೇಕಿತ್ತಲ್ಲ. ಫುಲ್‌ಸ್ಪೀಡು ಖಾಲಿ ಬಸ್ಸಿನಲ್ಲಿ ಕೂತು ಅಂದಿನ ಟ್ರಿಪ್ ಶೀಟು ತುಂಬುತ್ತಿದ್ದ. ಭಾವ ಮೆಟ್ಟಿಲ ಮೇಲೇ ನಿಂತು, ಅಕ್ಟೋಬರ, ನವೆಂಬರ, ಹದಿನಾಲ್ಕು ದಿನ, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ.

"ಗೊತ್ತಿತ್ತು ಭಾವ," ಎಂದ ಫುಲ್‌ಸ್ಪೀಡು, ತಲೆಯೆತ್ತದೆ. "ಆ ಮೊದಲನೇ ಗೆರೆ ಯಾವಾಗ ಬಿತ್ತು ಅಂತ ನನಗೆ ನೆನಪಿರಲ್ವಾ? ಅವತ್ತು ರಾತ್ರಿನೇ ಎಣಿಸಿ ನೋಡ್ದೆ."

"ಮತ್ತೆ ಹೇಳ್ಬೇಕು ತಾನೇ ಮಾರಾಯ!"

"ತೀರ್ಪು ನಿಮ್ಮದು. ವಾಪಸ್ ತಗೊಳ್ಳೋರೂ ನೀವೇ ಅಲ್ವಾ? ಹೇಗೂ ಒಳಗೆ ಬಿಡಲ್ಲ ಅಂತ ಡ್ಯೂಟಿ ಹಾಕಿಸ್ಕೊಂಡೆ, ಎರಡೂವರೆಗೆ ಬಸ್ ತೆಗೀಬೇಕಿತ್ತು. ಬದಲಿಗೆ ಒಬ್ಬನನ್ನ ಹೇಳಿ ಕೂರಿಸಿದ್ದೆ, ನೀವು ಕರೆದ್ರೆ ಓಡಿಬರೋಣ ಅಂತ. ಎರಡು ಇಪ್ಪತ್ತೊಂಬತ್ತರ ತನಕ ಫೋನ್ ಕೈಯಲ್ಲೇ ಇತ್ತು."

ಭಾವ ಮೆಟ್ಟಿಲ ಮೇಲೇ ಕೂತುಬಿಟ್ಟ. ನೀಲಿ ಹೆಲ್ಮೆಟ್ಟು ಗೆದ್ದದ್ದು ಗೊತ್ತಾಯಿತೇ ಎಂದು ನಾನೇ ಕೇಳಿದೆ.

"ಮೂರನೇ ಸೀಟಲ್ಲಿ ಒಬ್ಬ ಫೋನಲ್ಲಿ ನೋಡ್ತಿದ್ದ. ಗೆದ್ದ ಗೆದ್ದ ಅಂತ ಕೂಗಿಬಿಟ್ಟ. ಒಂದು ಹಾರ್ನಾದ್ರೂ ಹೊಡೆಯೋಣ ಅನ್ನಿಸ್ತು," ಎಂದು ಫುಲ್‌ಸ್ಪೀಡು ಪೆನ್ನಿನ ಟೋಪಿ ಮುಚ್ಚಿದ. "ಆಸ್ಪತ್ರೆ ಮುಂದೆ ಹೋಗ್ತಾ ಇದ್ದೆ. ಹೊಡೀಲಿಲ್ಲ."

ಹೊಸ ವರ್ಷದ ರೇಸು ಶುರುವಾಗುವ ಹೊತ್ತಿಗೆ ಭಾವ ಬೀರುವಿನ ಬಾಗಿಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕಾನೂನನ್ನೆಲ್ಲ ರದ್ದು ಮಾಡಿದ್ದ. ಫುಲ್‌ಸ್ಪೀಡು ಬಂದ. ಮುನಿಸಿಲ್ಲ, ಕೊಂಕಿಲ್ಲ, ಅಕ್ಕ ಕೊಟ್ಟ ಟೀ ಕುಡಿದ, ಔಷಧಿ ಅಂಗಡಿಯವರ ಮಂಡಿ ನೋವು ವಿಚಾರಿಸಿದ. ಮೊದಲ ಸುತ್ತಿನಲ್ಲೇ ಯಾರಿಗೋ ಅನ್ಯಾಯದ ದಂಡ ಬಿತ್ತು. ನಾವೆಲ್ಲ ಆಸೆಯಿಂದ ಅವನ ಮುಖ ನೋಡಿದೆವು.

"ಕೊಡ್ಲಿ ಬಿಡಿ," ಎಂದ. "ಅವರು ನೋಡಿರ್ತಾರೆ."

ಭಾವನಿಗೆ ತಡೆಯಲಾಗಲಿಲ್ಲ. ತಾನೇ ಎದ್ದು, "ಏನು ನೋಡಿರ್ತಾರೆ? ಕುರುಡರು! ಅವನ ಚಕ್ರ ತಾಗೇ ಇಲ್ಲ. ಹೀಗೆ ದಂಡ ಹಾಕ್ತಾ ಹೋದ್ರೆ ರೇಸ್ ಯಾಕೆ ಬೇಕು?" ಎಂದು ಟಿವಿಗೆ ಬೆರಳು ತೋರಿಸಿ ಬೈದ. ಮೂವತ್ತು ವರ್ಷ ತಾನು ಯಾವುದನ್ನು ತುಳಿದು ಹಾಕಿದ್ದನೋ ಆ ವಾದವನ್ನೆಲ್ಲ ಹೆಕ್ಕಿ ತೆಗೆದು, ತನಗೆ ಒಗ್ಗದ ಅಂಗಿಯಂತೆ ತೊಟ್ಟುಕೊಂಡು ನಿಂತ. ನಿಂತು ಭಾವಮೈದುನನ ಕಡೆ ನೋಡಿದ.

"ಒಂದು ಮಾತು ಬೈಯೋ," ಎಂದ, ಮೆಲ್ಲಗೆ.

"ಕೂತ್ಕೊಳಿ ಭಾವ," ಎಂದ ಫುಲ್‌ಸ್ಪೀಡು, ಅವನಿಗೆ ಜಾಗ ಬಿಡುತ್ತ. "ಹಿಂದಿನೋರಿಗೆ ಕಾಣಲ್ಲ."