ಕಿಂಗಮ್ಮನ ಮುಕ್ಕಾಲಿ

ಕಿಂಗಾ ಯಾರನ್ನೂ ಕ್ಷಮಿಸುವ ಪೈಕಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ನೋವಿ ಸೋಂಚ್ ಊರಿನ ಡೇರೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಹೊಲಿಗೆ ಹಾಕಿದವಳು. ಕೂತು ಕೂತು ಮಂಡಿ ಹೋಗಿತ್ತು. ನೆಲದಲ್ಲಿ ಕೂತರೆ ಎಬ್ಬಿಸಲು ಇಬ್ಬರು ಬೇಕು. ಆದರೂ ತಿಂಗಳಿಗೊಮ್ಮೆ ನಮ್ಮ ಚಾರಣ ಸಂಘದ ಜೊತೆ ಬೆಸ್ಕಿದ್ ಬೆಟ್ಟ ಹತ್ತದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. "ಕಾಲು ನಡೆಯತ್ತೆ, ಮಡಚು ಅಂದ್ರೆ ಮಾತ್ರ ಮುಷ್ಕರ ಹೂಡತ್ತೆ" ಎನ್ನುವಳು. ಅದಕ್ಕೇ ಬೆನ್ನಚೀಲದಲ್ಲಿ ಅಪ್ಪ ಮಾಡಿಕೊಟ್ಟಿದ್ದ ಮರದ ಮುಕ್ಕಾಲಿ ಇಟ್ಟುಕೊಂಡು ಬರುತ್ತಿದ್ದಳು.

ಸಂಘದ ನಾಯಕ ಜೆನೋನ್. ಕೈಯಲ್ಲಿ ಸದಾ ಒಂದು ಕೊಕ್ಕೆ ತಕ್ಕಡಿ. ಹೊರಡುವ ಮೊದಲು ಬಸ್ ನಿಲ್ದಾಣದಲ್ಲೇ ಎಲ್ಲರ ಚೀಲ ಬಿಚ್ಚಿಸಿ ತೂಗುವನು. ತಿಂಡಿ, ನೀರು, ಬಟ್ಟೆ ಬಿಟ್ಟರೆ ಅರ್ಧ ಕಿಲೋ ಮೀರಿದ ಯಾವ ವಸ್ತುವೂ ಬೆಟ್ಟ ಹತ್ತಕೂಡದು ಎಂಬುದು ಅವನೇ ಮಾಡಿದ ಕಾನೂನು. ಮೂರು ವರ್ಷದ ಹಿಂದೆ ಅಕ್ಟೋಬರಿನಲ್ಲಿ ಕಿಂಗಾಳ ಮುಕ್ಕಾಲಿ ಎಳೆದು ತೂಗಿದ. ಹತ್ತಿರ ಹತ್ತಿರ ಎರಡು ಕಿಲೋ.

"ಇದು ಇಲ್ಲೇ ಇರ್ಲಿ ಕಿಂಗಮ್ಮ. ಬೆಟ್ಟದ ತುಂಬಾ ಕಲ್ಲಿದೆ. ದೇವರು ಹಾಕಿಟ್ಟ ಕುರ್ಚಿ, ತೂಕ ಸೊನ್ನೆ!"

ಟಿಕೆಟ್ ಕಿಟಕಿಯವಳ ಬಳಿ ಮುಕ್ಕಾಲಿ ಬಿಟ್ಟು ನಮ್ಮನ್ನೆಲ್ಲ ನಡೆಸಿಕೊಂಡೇ ಹೋದ. ಆ ದಿನ ಮಳೆ ನಿಂತ ಮೇಲಿನ ಚಳಿ. ಮೂರು ಕಡೆ ಬಿಡುವು ಕೊಟ್ಟಾಗಲೂ ಕಿಂಗಾ ಒದ್ದೆ ಕಲ್ಲಿನ ಮೇಲೆ ಕೂತಳು, ಮೂರು ಸಲವೂ ನಾನೂ ಇನ್ನೊಬ್ಬರೂ ಕೈ ಹಿಡಿದು ಎಳೆದೆವು.

"ತಣ್ಣನೆ ಕಲ್ಲಿನ ಮೇಲೆ ಕೂರಬೇಡ, ತೋಳ ಹಿಡಿಯತ್ತೆ" ಎಂದು ನಮ್ಮ ಅಜ್ಜಿಯರು ಹೆಣ್ಣುಮಕ್ಕಳನ್ನು ಗದರುತ್ತಿದ್ದರು. ತೋಳವೆಂದರೆ ಕಿಬ್ಬೊಟ್ಟೆಯ ನೋವು, ಉರಿಮೂತ್ರ, ಹೇಳಿಕೊಳ್ಳಲಾಗದ್ದೆಲ್ಲ. ಕಿಂಗಾಳಿಗೆ ಹಿಡಿದ ತೋಳ ಮೂತ್ರಪಿಂಡದವರೆಗೂ ಏರಿತು. ಹದಿನಾರು ದಿನ ಆಸ್ಪತ್ರೆ.

ಹುಷಾರಾಗಿ ಸಂಘದ ಸಭೆಗೆ ಬಂದಳು. ಬಾಗಿಲಲ್ಲೇ ಜೆನೋನ್, "ದಾರಿ ಬಿಡ್ರಪ್ಪ, ತೋಳ ಸಾಕಿದವರು ಬಂದ್ರು!" ಎಂದ. ಯಾರೋ "ಊ...ಊ..." ಎಂದು ಊಳಿಟ್ಟರು. ಆಮೇಲೆ ಇಡೀ ಕೋಣೆಯೇ ಊಳಿಟ್ಟಿತು. ಕಿಂಗಾ ಅಳಲಿಲ್ಲ, ಕೂಗಾಡಲಿಲ್ಲ. ಕೋಟು ನೇತುಹಾಕಿ ಚಹಾ ಕುಡಿದಳು. ಮನೆಗೆ ಹೋಗುವ ದಾರಿಯಲ್ಲಿ ಮಾತ್ರ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಎಲ್ಲರ ಮುಂದೆ ಅವನು ನನ್ನ ಹತ್ರ ಕುರ್ಚಿ ಬೇಡ್ಬೇಕು ಹಲೀನಾ. ಬೇಡಿ ಊಳಿಡ್ಬೇಕು. ಅಲ್ಲೀವರೆಗೂ ನಾನು ಸಾಯಲ್ಲ."

ಆಮೇಲೆ ಎರಡು ವರ್ಷ ಅವಳ ಅಡುಗೆಮನೆಯಲ್ಲಿ ಕುರ್ಚಿಗಳ ಪರೀಕ್ಷೆಯೋ ಪರೀಕ್ಷೆ. ಹಿಟ್ಟು ತೂಗುವ ತಕ್ಕಡಿ ಹಿಡಿದು ನಾನು ಕೂರಬೇಕು. ಮಡಚುವ ಸ್ಪಂಜಿನ ಚಾಪೆ ಅರವತ್ತೇ ಗ್ರಾಂ. "ಕೂರೋಕೆ ನೆಲಕ್ಕೆ ಇಳೀಬೇಕಲ್ಲೇ? ಬೇಡ." ಗಾಳಿ ಊದುವ ದಿಂಬು ಮುಳ್ಳು ತಾಗಿ ಠುಸ್ ಎಂದಿತು. ಅಂಗಡಿಯ ಬಟ್ಟೆ ಕುರ್ಚಿಯಲ್ಲಿ ಕೂತು ನೋಡಿದಳು. ಹಿತವಾಗಿತ್ತು, ಆದರೆ ಒಂಬೈನೂರು ಗ್ರಾಂ. ಅದೂ ಅಲ್ಲದೆ, "ಇದು ತೊಟ್ಟಿಲು ಕಣೆ, ಎತ್ತೋಕೆ ಅಮ್ಮ ಬರ್ಬೇಕು" ಎಂದು ವಾಪಸು ಕೊಟ್ಟಳು. ಕೊನೆಗೆ ಹಳೇ ಡೇರೆಯ ಅಲ್ಯೂಮಿನಿಯಂ ಕೊಳವೆ ಕತ್ತರಿಸಿ, ಕಾರ್ಖಾನೆಯ ಬಟ್ಟೆ ಹೊಲಿದು, ತಾನೇ ಒಂದು ಮಡಚುವ ಮುಕ್ಕಾಲಿ ಮಾಡಿದಳು. ನಾನೂರ ಮೂವತ್ತು ಗ್ರಾಂ. ಸದ್ಯ ಮುಗಿಯಿತಲ್ಲ ಎಂದುಕೊಂಡೆ.

ಈ ವರ್ಷ ವಸಂತದಲ್ಲಿ ಜೆನೋನ್ ನೆಲಮಾಳಿಗೆಯಿಂದ ಎಲೆಕೋಸಿನ ಉಪ್ಪಿನಕಾಯಿಯ ಪೀಪಾಯಿ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡ. ಯಾರಿಗೂ ಹೇಳಲಿಲ್ಲ. ಆದರೆ ಖಾಲಿ ಬಸ್ಸಿನಲ್ಲೂ ಅವನು ಕಂಬಿ ಹಿಡಿದು ನಿಂತಿದ್ದನ್ನು ಕಿಂಗಾ ನೋಡಿದ್ದಳು. ಅಂದೇ ಮುಕ್ಕಾಲಿಯ ಕಾಲು ಎರಡು ಬೆರಳು ಎತ್ತರಿಸಿದಳು.

"ನಿನ್ನ ಮಂಡಿಗೆ ಮೊದಲಿನ ಎತ್ತರವೇ ಸರಿಯಾಗಿತ್ತಲ್ಲ?" ಎಂದೆ.

"ನನ್ನ ಮಂಡಿಗಲ್ಲ."

ಅಕ್ಟೋಬರಿನ ನಡಿಗೆಯ ದಿನ ಜೆನೋನ್ ಅದನ್ನು ಕೊಕ್ಕೆಗೆ ಸಿಕ್ಕಿಸಿದ. ನಾನೂರ ತೊಂಬತ್ತೆರಡು. ಇನ್ನೊಮ್ಮೆ ತೂಗಿದ. ಅಷ್ಟೇ. ವಾಪಸು ಕೊಟ್ಟ.

ಮಧ್ಯಾಹ್ನ ಬೆಟ್ಟದ ನೆತ್ತಿಯಲ್ಲಿ ಊಟದ ಬಿಡುವು. ಅದು ಮೂವತ್ತೇ ನಿಮಿಷ, ಅದೂ ಅವನದೇ ಕಾನೂನು. ಕಲ್ಲೆಲ್ಲ ಒದ್ದೆ. ನಾವು ಚಾಪೆ ಹಾಸಿ ಕೂತೆವು. ಕಿಂಗಾ ನಡುವೆ ಮುಕ್ಕಾಲಿ ಬಿಡಿಸಿ ಕೂತು, ಬ್ರೆಡ್ಡಿಗೆ ಹಂದಿಕೊಬ್ಬು ಸವರಿ, ಉಪ್ಪುಸೌತೆ ಕಚ್ಚುತ್ತ ಊಟ ಶುರುಮಾಡಿದಳು. ಜೆನೋನ್ ಮರಕ್ಕೆ ಒರಗಿ ನಿಂತಿದ್ದ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಮುಖ ಬಿಳಿಚಿತು. ಕೊನೆಗೆ ಕಾಲೆಳೆಯುತ್ತ ಬಂದ.

"ಕಿಂಗಮ್ಮ, ಒಂದೈದು ನಿಮಿಷ ಅದನ್ನ ಕೊಡ್ತೀರಾ? ಸೊಂಟ..."

"ಅಯ್ಯೋ ನಾಯಕರೇ, ಅಷ್ಟೊಂದು ಕಲ್ಲಿದೆಯಲ್ಲ! ತೂಕ ಸೊನ್ನೆ."

"ಕೂತ್ರೆ ಏಳೋಕಾಗಲ್ಲ. ದಮ್ಮಯ್ಯ."

"ಹಾಗಾದ್ರೆ ಊಳಿಡಿ. ಅವತ್ತು ಕೋಣೆಯೆಲ್ಲ ಊಳಿಟ್ಟ ಹಾಗೆ."

ಯಾರೂ ಅಗಿಯುತ್ತಿರಲಿಲ್ಲ. ಜೆನೋನ್ ನಮ್ಮನ್ನೆಲ್ಲ ಒಮ್ಮೆ ನೋಡಿದ. ನಾವು ತಲೆ ಬಗ್ಗಿಸಿದೆವು. ಸಣ್ಣಗೆ "ಊ..." ಎಂದ.

"ಕೇಳಿಸ್ಲಿಲ್ಲ."

ಅರವತ್ತೆರಡು ವರ್ಷದ ಗಂಡಸು ಕತ್ತೆತ್ತಿ ಊಳಿಟ್ಟ. ಎದುರಿನ ಬೆಟ್ಟ ಅದನ್ನು ತಿರುಗಿ ಹೇಳಿತು. ನನಗೆ ಅವನ ಮೇಲೆ ಕನಿಕರ ಬಂತು. ಕಿಂಗಾ ಎದ್ದು ಬ್ರೆಡ್ಡಿನ ಚೂರು ಕೊಡವಿಕೊಂಡಳು, ಗಡಿಯಾರ ನೋಡಿದಳು. ಮುಕ್ಕಾಲಿ ಮಡಚಿ ಚೀಲಕ್ಕೆ ತುರುಕಿದಳು.

"ಮೂವತ್ತು ನಿಮಿಷ ಆಯ್ತು ನಾಯಕರೇ. ಹೊರಡೋಣ. ಕಾನೂನು ನಿಮ್ದೇ ತಾನೆ?"

ಇಳಿಯುವ ದಾರಿಯಲ್ಲಿ ಅವಳು ಹಾಡು ಗುನುಗುತ್ತಿದ್ದಳು. ಹಿಂದೆ ಜೆನೋನ್ ಹೆಜ್ಜೆಗೊಮ್ಮೆ ನರಳುವುದು ಕೇಳಿಸುತ್ತಿತ್ತು.

"ಈಗಲಾದ್ರೂ ಹೊಟ್ಟೆ ತಣ್ಣಗಾಯ್ತಾ?" ಎಂದು ಕೇಳಿದೆ.

"ಅರ್ಧ ಆಯ್ತು" ಎಂದಳು. "ಅವತ್ತು ಜೆನೋನ್ ಬರೀ ಮಾತಾಡಿದ. ಮೊದಲು ಊಳಿಟ್ಟ ದನಿ ಹೆಂಗಸಿನದು. ಕಿಟಕಿ ಪಕ್ಕದಿಂದ ಬಂತು."

ಕಿಟಕಿ ಪಕ್ಕ ಕೂತಿದ್ದವಳು ನಾನು. ಸುಮ್ಮನೆ ತಮಾಷೆಗೆ ಮಾಡಿದ್ದೆ. ಎರಡು ವರ್ಷ ಅವಳ ಅಡುಗೆಮನೆಯಲ್ಲಿ ತಕ್ಕಡಿ ಹಿಡಿದು ಕೂತಿದ್ದರೂ ಬಾಯಿಬಿಟ್ಟಿರಲಿಲ್ಲ.

ಕಿಂಗಾ ನನ್ನ ಕೈಗೆ ಕೈ ಸೇರಿಸಿ, ಅಕ್ಕರೆಯಿಂದಲೇ ಕೇಳಿದಳು:

"ನಿನ್ನ ಮಂಡಿ ಹೇಗಿದೆ ಹಲೀನಾ? ಇನ್ನೂ ಗಟ್ಟಿಯಾಗಿದೆ ತಾನೆ?"