ಹದಿನೇಳನೆಯ ಪುಟದ ಗೃಹಸ್ಥ

ನಮ್ಮ ರಾಯಚೂರು ಸೀಮೆಯಲ್ಲಿ ಯಾರಾದರೂ ಏನನ್ನಾದರೂ ಮುಂದೆ ಹಿಡಿದು ‘ಹೆಂಗದ?’ ಎಂದು ಕೇಳಿದರೆ ಉತ್ತರ ಒಂದೇ: ‘ಛಲೋ ಅದ.’ ಹೊಸ ಅಂಗಿಗೂ ಅದೇ, ಹಳೆಯ ಮೋಟರ್ ಸೈಕಲ್ಲಿಗೂ ಅದೇ. ಅಡುಗೆಮನೆಯ ಬಾಗಿಲು ತೆರೆದರೆ ಬಚ್ಚಲ ಬಾಗಿಲಿಗೆ ಬಡಿಯುವಂತೆ ಕಟ್ಟಿದ ಮನೆಯ ಗೃಹಪ್ರವೇಶದಲ್ಲೂ, ಕೈಯಲ್ಲಿ ಲಾಡು ಹಿಡಿದು, ಆ ಎರಡೂ ಬಾಗಿಲುಗಳನ್ನು ನೋಡುತ್ತ ನಾವು ಹೇಳುವುದು ಅದೇ. ಈ ಎರಡು ಶಬ್ದಗಳಲ್ಲಿ ಪ್ರಶಂಸೆಯ ಪಾಲೆಷ್ಟು, ದಾಕ್ಷಿಣ್ಯದ ಪಾಲೆಷ್ಟು ಎಂದು ಬಿಡಿಸಿ ಹೇಳಬಲ್ಲ ಪಂಡಿತರನ್ನು ನಾನಿನ್ನೂ ಕಂಡಿಲ್ಲ. ನೀವು ಕಂಡಿದ್ದರೆ ದಯವಿಟ್ಟು ತಿಳಿಸಿ.

ಈ ವಿದ್ಯೆಯಲ್ಲಿ ನಾನು ಸಾಮಾನ್ಯನಲ್ಲ. ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕಡತಗಳ ನಡುವೆ ಬಾಳಿ, ‘ಪರಿಶೀಲಿಸಲಾಗಿದೆ’ ಎಂಬ ಒಂದೇ ಪದವನ್ನು ಎಷ್ಟು ಸಾವಿರ ಸಲ ಬರೆದೆನೋ ಆ ಶಿವನೇ ಬಲ್ಲ. ಪರಿಶೀಲಿಸಿದ್ದು ಎಷ್ಟು ಸಲ ಎಂಬುದು ಅವನಿಗೆ ಇನ್ನೂ ಚೆನ್ನಾಗಿ ಗೊತ್ತು. ಕಡತದ ದಪ್ಪ ನೋಡಿ, ತಂದವರ ಮುಖ ನೋಡಿ, ಕೊನೆಯ ಪುಟ ತಿರುವಿ, ಹೆಸರಿನ ಮೊದಲಕ್ಷರ ಗೀಚುತ್ತಿದ್ದೆ. ನಿವೃತ್ತನಾದ ಮೇಲೆ ಯಾರೂ ಕಡತ ತಾರದಿದ್ದುದರಿಂದ ಆ ದುರಭ್ಯಾಸ ಬಿಟ್ಟುಹೋಗಿದೆಯೆಂದೇ ಭಾವಿಸಿದ್ದೆ.

ಹೀಗಿರುವಾಗ ವಿಜಿ ಒಂದು ದಿನ ಮೊಬೈಲಿಗೆ ಇಪ್ಪತ್ತಮೂರು ಪುಟದ ವ್ಯಾಪಾರ ಯೋಜನೆ ಕಳಿಸಿದಳು. ವಿಜಿ ನನ್ನ ತಂಗಿಯ ಮಗಳು, ಮಾನವಿಯ ಅಕ್ಕಿ ಗಿರಣಿಯವರ ಮನೆಯ ಸೊಸೆ. ಕಾಲುವೆಯ ನೀರು ಬಂದಂದಿನಿಂದ ಭತ್ತದ ಹೊರತು ಮತ್ತೊಂದನ್ನು ಧಾನ್ಯವೆಂದೇ ಎಣಿಸದ ಆ ಮನೆಯಲ್ಲಿ ಕೂತು ಈ ಹುಡುಗಿ ಜೋಳದ ರೊಟ್ಟಿಯ ಕನಸು ಕಂಡಿದ್ದಳು. ದೇವದುರ್ಗ ತಾಲ್ಲೂಕಿನ ಹಳ್ಳಿ ಗೂಗಲ್‌ನಿಂದ ರೊಟ್ಟಿ ಬಡಿಯುವುದರಲ್ಲಿ ನುರಿತ ಹೆಂಗಸರನ್ನು ಕರೆಸುವುದು, ಗಿರಣಿಯ ಪಕ್ಕದ ಹಳೆಯ ಗೋದಾಮಿನಲ್ಲಿ ಒಲೆ ಹೂಡುವುದು, ರಾಯಚೂರಿನ ಮನೆಮನೆಗೆ ಬಿಸಿರೊಟ್ಟಿ ಮುಟ್ಟಿಸುವುದು. ಗೋದಾಮು ಕೊಡಬೇಕಾದವರು ಅವಳ ಮಾವ. ಅವರು ಇಲ್ಲವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ: ‘ನಿಮ್ಮ ಸೋದರಮಾವ ಕಾಗದಪತ್ರದ ಮನಷ್ಯಾ. ಅವ್ರು ಪೂರಾ ಓದಿ ತಮ್ಮ ಅಭಿಪ್ರಾಯ ಬರದು ಕೊಡ್ಲಿ, ಆಮ್ಯಾಲ ನೋಡೂಣು’ ಎಂದರಂತೆ. ಒಟ್ಟಿನಲ್ಲಿ ಹುಡುಗಿಯ ಗೋದಾಮು ನನ್ನ ಓದಿನ ಮೇಲೆ ನಿಂತಿತು. ಪಾಪ, ಅವರಿಗೇನು ಗೊತ್ತು ನನ್ನ ಓದು!

ಓದಲು ಪ್ರಯತ್ನಿಸಲಿಲ್ಲವೆಂದಲ್ಲ. ಮೊದಲ ಪುಟದಲ್ಲಿ ‘ದೂರದೃಷ್ಟಿ’ ಇತ್ತು, ಎರಡನೆಯದರಲ್ಲಿ ‘ಗ್ರಾಹಕ ಪಯಣ’, ಮೂರನೆಯದರಲ್ಲಿ ‘ಗ್ರಾಹಕರ ನೋವಿನ ಬಿಂದುಗಳು.’ ಈ ಬಿಂದುಗಳನ್ನು ಕಂಡೊಡನೆ ನನಗೆ ನೆನಪಾದದ್ದು ಹೆಂಡತಿ ಗೌರಮ್ಮನ ಬಲಭುಜ. ಡಾಕ್ಟರು ಅಲ್ಲಲ್ಲಿ ಒತ್ತಿ ‘ಇಲ್ಲಿ ನೋವದನ್ರೀ? ಇಲ್ಲಿ?’ ಎಂದು ಕೇಳಿದ್ದು. ಭುಜ ಹಿಡಿದು ಎಂಟು ತಿಂಗಳಾಯಿತು. ಎಡಗೈಯಲ್ಲಿ ಕುಕ್ಕರಿಗೆ ಅಕ್ಕಿ ಇಡುತ್ತಾಳೆಯೇ ಹೊರತು ರೊಟ್ಟಿ ಬಡಿಯುವುದು ಸಾಧ್ಯವಿಲ್ಲ. ಖಾನಾವಳಿಯಿಂದ ತರಲೇ ಎಂದು ಒಮ್ಮೆ ಕೇಳಿದಾಗ ಅವಳ ಮುಖ ಸಣ್ಣದಾದದ್ದನ್ನು ಕಂಡು ಆ ಮಾತನ್ನೇ ಬಿಟ್ಟೆ. ಅಂದಿನಿಂದ ‘ನನಗ ಅನ್ನಾನ ಛಲೋ, ಹೊಟ್ಟಿಗೆ ಹಗುರ’ ಎಂದು ದಿನಕ್ಕೊಮ್ಮೆ ಹೇಳುತ್ತ ಬಂದಿದ್ದೇನೆ. ಇದೆಲ್ಲ ಯೋಚಿಸುತ್ತ ನಾಲ್ಕನೆಯ ಪುಟದ ಹೊತ್ತಿಗೆ ನನಗೆ ಸೊಗಸಾದ ಮಧ್ಯಾಹ್ನದ ನಿದ್ದೆ ಬಂತು.

ಎದ್ದಾಗ ಎದುರಿಗೆ ಖಾಜಾಸಾಬ್ ಕೂತಿದ್ದರು. ಪಕ್ಕದ ಮನೆಯವರು, ಬಟ್ಟೆ ಅಂಗಡಿಯವರು, ನನಗಿಂತ ಮೊದಲೇ ಕಾಲದ ಜೊತೆ ರಾಜಿ ಮಾಡಿಕೊಂಡವರು. ನನ್ನ ಸಂಕಟ ಕೇಳಿ ನಕ್ಕರು. ‘ಅರೆ ಸಾಹೇಬ್ರ, ಓದಾಕ ಈಗ ಮನಷ್ಯಾ ಯಾಕ ಬೇಕ್ರಿ? ಎಐಗೆ ಹಾಕ್ರಿ. ಏನ್ ಕೇಳಿದ್ರೂ ಬ್ಯಾಸರ ಮಾಡ್ಕೊಳ್ಳಂಗಿಲ್ಲ ಅದು’ ಎಂದು ನನ್ನ ಮೊಬೈಲಿನಲ್ಲೇ ಆ ಸಹಾಯಕನನ್ನು ಎಬ್ಬಿಸಿಕೊಟ್ಟು, ಇಪ್ಪತ್ತಮೂರೂ ಪುಟಗಳನ್ನು ಅದರ ಬಾಯಿಗಿಟ್ಟು ಹೋದರು.

ಯಂತ್ರದ ಮೊದಲ ಉತ್ತರ ನೋಡಿ ನನಗೆ ದಿಗ್ಭ್ರಮೆ. ‘ನಿಮ್ಮ ಯೋಜನೆ ಅತ್ಯಂತ ಚಿಂತನಶೀಲವಾಗಿದೆ, ಅಭಿನಂದನೆಗಳು’ ಎಂದು ಆರಂಭಿಸಿ, ನಮ್ಮ ‘ಛಲೋ ಅದ’ವನ್ನೇ ಎರಡು ಪುಟಕ್ಕೆ ಹಿಗ್ಗಿಸಿತ್ತು. ಇದೇನು, ನಮ್ಮ ಕಡೆಯದೇ ಇರಬೇಕು, ಮಟಮಾರಿಯಲ್ಲೋ ಯಾಪಲದಿನ್ನಿಯಲ್ಲೋ ಹುಟ್ಟಿರಬೇಕು ಎನಿಸಿತು. ಇದಕ್ಕೆ ಯಂತ್ರ ಯಾಕೆ, ನಾನಿಲ್ಲವೇ? ಸಿಟ್ಟಿನಿಂದ ಬರೆದೆ: ‘ಹೊಗಳಬೇಡ. ಸೋದರಮಾವ ಸೊಸೆಯನ್ನು ಸಲಿಗೆಯಿಂದ ಗೇಲಿ ಮಾಡುವ ಹಾಗೆ, ನಗೆ ಬರುವಂತೆ ಟೀಕಿಸು.’

ಆಮೇಲೆ ಬಂತು ನೋಡಿ! ‘ರಾಯಚೂರಿನ ಪ್ರತಿ ಮನೆಗೂ ಬಿಸಿರೊಟ್ಟಿ ಎಂಬುದು ದೂರದೃಷ್ಟಿ. ಆದರೆ ಮೇ ತಿಂಗಳ ರಾಯಚೂರಿನಲ್ಲಿ ತಣ್ಣಗಿರುವ ವಸ್ತು ಯಾವುದಿದೆ ಎಂಬುದನ್ನು ಯೋಜನೆ ತಿಳಿಸುವುದಿಲ್ಲ.’ ‘ಸ್ಪರ್ಧಿಗಳು ಯಾರೂ ಇಲ್ಲ ಎಂದಿದ್ದೀಯ ತಂಗೀ, ಗ್ರಾಹಕರೆಲ್ಲರೂ ತಾಯಿಯಿಲ್ಲದೆ ಹುಟ್ಟಿದವರೇ?’ ‘ಮೂರನೆಯ ಹಂತ ಎರಡನೆಯದಕ್ಕಿಂತ ಮೊದಲೇ ಮುಗಿಯುತ್ತಿದೆ, ಉಂಡು ಕೈ ತೊಳೆದ ಮೇಲೆ ಒಲೆ ಹಚ್ಚುವ ಪದ್ಧತಿ ನಿಮ್ಮ ಮಾನವಿಯಲ್ಲಿದೆಯೇ?’ ನನಗೆ ನಗು ತಡೆಯದಾಯಿತು. ಸೋದರಸೊಸೆಗೆ ‘ತಂಗೀ’ ಎಂದು ಸಂಬಂಧ ಕೆಡಿಸಿದ್ದೊಂದನ್ನು ತಿದ್ದಿ ಮುಂದೆ ಓದಿದೆ.

ಎಲ್ಲಕ್ಕಿಂತ ಹಿಡಿಸಿದ್ದು ಹದಿನೇಳನೆಯ ಪುಟದ ಮೇಲಿನ ಟೀಕೆ. ಅಲ್ಲಿ ಯಾರೋ ‘ಗ್ರಾಹಕ ಒಂದು’ ಎಂಬುವನ ವರ್ಣನೆ ಇತ್ತಂತೆ. ಯಂತ್ರ ಹೀಗೆ ಬರೆದಿತ್ತು: ‘ಹೆಂಡತಿಯ ಕೈ ಸೋತರೆ ರೊಟ್ಟಿಯೇ ಇಲ್ಲದ ಈ ಗೃಹಸ್ಥರಿಗೆ ಎರಡು ಕೈಗಳಿವೆಯೆಂದು ನಂಬಲು ಯೋಜನೆಯಲ್ಲಿ ಯಾವ ಆಧಾರವೂ ದೊರೆಯುವುದಿಲ್ಲ. ಇವರೊಬ್ಬರ ಹೊಟ್ಟೆಗಾಗಿ ಒಂದು ಗೋದಾಮು, ಹತ್ತು ಒಲೆ, ಎರಡು ಗಾಡಿ ಹೊಂದಿಸುವ ಮೊದಲು ಇವರ ಮುಂದೆ ಒಂದು ಪರಾತದಲ್ಲಿ ಹಿಟ್ಟಿಟ್ಟು ನೋಡುವುದು ಸುಲಭ ಪ್ರಯೋಗ.’ ಖಾಜಾಸಾಬರನ್ನು ಗೋಡೆಯ ಮೇಲಿಂದಲೇ ಕೂಗಿ ಕರೆದು ಓದಿಹೇಳಿದೆ. ಅವರು ನಕ್ಕರು, ಆದರೆ ಯಾಕೋ ನನ್ನ ಮುಖವನ್ನೇ ನೋಡುತ್ತ ನಕ್ಕರು. ‘ಈ ಮನಷ್ಯಾ ನಮ್ಮ ಗಲ್ಲೀನಾಗ ಇದ್ದಂಗದಲ್ರಿ ಸಾಹೇಬ್ರ’ ಎಂದರು. ಹೌದೆಂದು ನಾನೂ ಎದುರುಮನೆಯ ಕಡೆ ಕಣ್ಣು ಹೊಡೆದೆ.

ಉತ್ಸಾಹ ಉಕ್ಕಿತು. ಇಡೀ ಟೀಕೆಯಲ್ಲಿ ನನ್ನದೆಂಬುದು ಒಂದು ಸಾಲಾದರೂ ಇರಲೆಂದು ಆ ಜಾಗದಲ್ಲಿ ಸ್ವಹಸ್ತದಿಂದ ಸೇರಿಸಿದೆ: ‘ಇಂಥ ಗಂಡಸರಿಗೆ ಧಿಕ್ಕಾರವಿರಲಿ, ಹೆಂಡತಿಯ ಕೈ ಸೋತ ಮೇಲೂ ಕಾಲು ಚಾಚಿ ಕೂರುವವನು ನಾಳೆಯಿಂದಲೇ ಹಿಟ್ಟು ನಾದಲಿ.’ ಕೆಳಗೆ ಹಳೆಯ ಠೀವಿಯಲ್ಲಿ ‘ಸಮಗ್ರವಾಗಿ ಪರಿಶೀಲಿಸಲಾಗಿದೆ’ ಎಂದು ಬರೆದು, ಹೆಸರು ಹಾಕಿ ಮಾನವಿಗೆ ಕಳಿಸಿದೆ.

ಉತ್ತರ ಬಂದದ್ದು ಧ್ವನಿಯಲ್ಲಿ. ‘ಮಾಮಾ, ಓದಿ ನಕ್ಕು ನಕ್ಕು ಸಾಕಾತು ನೋಡ್ರಿ. ಆಮ್ಯಾಲ ಹದಿನೇಳನೇ ಪುಟಕ್ಕ ಬಂದೆ, ಕಣ್ಣಾಗ ನೀರು ಬಂದ್ವು. ನಿಮ್ಮನ್ನ ನೀವಾ ಹಿಂಗ ಜರ್ಕೊಂತೀರಂತ ನಾ ತಿಳಿದಿದ್ದಿಲ್ಲ. ಐತವಾರ ಬರ್ತೀನಿ, ಹಿಟ್ಟು ನಾನಾ ತರ್ತೀನಿ.’ ಮೂರು ಸಲ ಕೇಳಿದೆ. ಅಳು ಯಾಕೆ? ಹಿಟ್ಟು ಯಾಕೆ? ನಾನು ನನ್ನನ್ನು ಜರಿದುಕೊಂಡದ್ದು ಯಾವಾಗ? ಆ ಪುಟ ತೆರೆದು ನೋಡಿದ್ದರೆ ಮುಗಿಯುತ್ತಿತ್ತು, ನಿಜ. ಆದರೆ ಒಮ್ಮೆ ಸಹಿ ಹಾಕಿದ ಕಡತವನ್ನು ಮತ್ತೆ ತೆರೆಯಬಾರದೆಂಬುದು ನನ್ನ ಮೂವತ್ತು ವರ್ಷಗಳ ತಪಸ್ಸಿನ ಸಾರ. ಯಂತ್ರವನ್ನೇ ಕೇಳಿದೆ: ‘ಹುಡುಗಿ ಯಾಕೆ ಅತ್ತಳು?’ ಭಾವನೆಗಳು ಸಂಕೀರ್ಣವಾಗಿರುತ್ತವೆ ಎಂದಿತು. ಅಷ್ಟು ನನಗೂ ಗೊತ್ತಿತ್ತು.

ಆ ಭಾನುವಾರ ಬೆಳಿಗ್ಗೆ ವಿಜಿ ಬಸ್ಸಿಳಿದು ಬಂದಳು. ಒಂದು ಕೈಯಲ್ಲಿ ಗೂಗಲ್‌ನ ಬಿಳಿಜೋಳದ ಹಿಟ್ಟು, ಇನ್ನೊಂದರಲ್ಲಿ ಹೊಸ ಪರಾತ. ‘ಅತ್ತೀ, ಬರ್ರಿ ಇಲ್ಲೆ’ ಎಂದು ಗೌರಮ್ಮನನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು, ‘ಮೊದಲ ನಾ ಬರದದ್ದು ಕೇಳ್ರಿ, ಆಮ್ಯಾಲ ಮಾಮಾ ಬರದದ್ದು ಓದ್ತೀನಿ’ ಎಂದಳು. ನಾನು ಪಂಡಿತನ ಗತ್ತಿನಲ್ಲಿ ಕಾಲಮೇಲೆ ಕಾಲು ಹಾಕಿದೆ. ಅವಳು ಓದಿದಳು:

‘ಗ್ರಾಹಕ ಒಂದು. ರಾಯಚೂರು. ನಿವೃತ್ತರು. ಹೆಂಡತಿಗೆ ಭುಜ ಹಿಡಿದು ಎಂಟು ತಿಂಗಳು. ಆಕೆ ಕೇಳಿದಾಗಲೆಲ್ಲ ನನಗೆ ಅನ್ನವೇ ಇಷ್ಟ ಎನ್ನುತ್ತಾರೆ. ಈಚೆಗೆ ನೆಂಟರ ಮದುವೆಯೊಂದರಲ್ಲಿ ಅವರು ಒಂದು ಪಂಕ್ತಿಯಲ್ಲಿ ಉಂಡು, ರೊಟ್ಟಿಗಾಗಿ ಇನ್ನೊಂದು ಪಂಕ್ತಿಯಲ್ಲಿ ಮತ್ತೆ ಕೂತದ್ದನ್ನು ನಾನು ನೋಡಿದೆ. ಹೆಂಡತಿಯೂ ನೋಡಿದರು. ಮರುದಿನ ಆಕೆ ಖಾಲಿ ಹಿಟ್ಟಿನ ಡಬ್ಬಿ ಮುಂದಿಟ್ಟುಕೊಂಡು ಅತ್ತದ್ದು ಗ್ರಾಹಕರಿಗೆ ಗೊತ್ತಿಲ್ಲ. ಈ ಯೋಜನೆ ಹುಟ್ಟಿದ್ದು ಅಲ್ಲಿ.’

ಕಾಲು ತಾನಾಗಿ ಕೆಳಗಿಳಿಯಿತು. ಗೌರಮ್ಮ ನೆಲ ನೋಡುತ್ತಿದ್ದಳು. ಆಮೇಲೆ ವಿಜಿ ನನ್ನ ಟೀಕೆ ಓದಿದಳು: ಎರಡು ಕೈಯಿಲ್ಲದ ಗೃಹಸ್ಥ, ಪರಾತ, ಧಿಕ್ಕಾರ, ನಾಳೆಯಿಂದಲೇ ಹಿಟ್ಟು ನಾದಲಿ. ಓದಿ ಮುಗಿಸಿ ಇಬ್ಬರೂ ನನ್ನ ಕಡೆ ನೋಡಿದ ನೋಟದಲ್ಲಿ ಎಂಥ ಗೌರವವಿತ್ತೆಂದರೆ, ಅದನ್ನು ಹಾಗೇ ಜೇಬಿಗಿಳಿಸಿಕೊಂಡು ಮಹಾತ್ಮನಾಗಿಬಿಡುವ ಆಸೆ ಒಂದು ಕ್ಷಣ ಬಂದದ್ದನ್ನು ನಿಮ್ಮಲ್ಲಿ ಮುಚ್ಚಿಡಲಾರೆ. ಆದರೆ ಗೌರಮ್ಮ ಎಡಗೈಯಿಂದ ಸೆರಗು ಕಣ್ಣಿಗೊತ್ತಿಕೊಂಡಳು. ಅದನ್ನು ನೋಡಿಯೂ ಸುಳ್ಳು ನುಂಗಿಕೊಳ್ಳುವುದು ನನ್ನಿಂದ ಆಗಲಿಲ್ಲ. ನನಗೆ ನಾಚಿಕೆಯಾಯಿತು.

‘ವಿಜೀ, ನಾ ಇದನ್ನ ಓದೇ ಇಲ್ಲವಾ. ಯಂತ್ರ ಓದ್ಯಾದ, ಯಂತ್ರಾನ ಬರದದ. ಆ ಧಿಕ್ಕಾರ ಅನ್ನೋ ಸಾಲು ಅಷ್ಟಾ ನಂದು. ಅದೂ ಬ್ಯಾರೆ ಯಾರಿಗೋ ಅಂತ ಬರದಿದ್ದೆ’ ಎಂದೆ.

ಹುಡುಗಿ ಸಿಟ್ಟಾಗುತ್ತಾಳೆಂದು ಕಾದೆ. ಅವಳು ಕೆಂಪಾದಳು, ನಿಜ. ಆದರೆ ಅದು ಸಿಟ್ಟಲ್ಲ. ‘ಮಾಮಾ, ಖರೇ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಇಪ್ಪತ್ತಮೂರು ಪುಟದಾಗ ಹದಿನೇಳನೇದೊಂದಾ ನಂದು. ಉಳಿದದ್ದೆಲ್ಲಾ ನನಗೂ ಅದಾ ಬರದುಕೊಟ್ಟದ್ದು.’

ಈಗ ನೀವೇ ಹೇಳಿ, ನಾನು ಏನೆಂದು ತಿಳಿಯಬೇಕು? ಯಂತ್ರವೇ ಬರೆದದ್ದನ್ನು ಯಂತ್ರವೇ ಓದಿ, ತಾನೇ ಹೊಗಳಿ, ಕೇಳಿದಾಗ ತಾನೇ ಗೇಲಿ ಮಾಡಿ, ಮಾನವಿಗೂ ರಾಯಚೂರಿಗೂ ನಡುವೆ ಓಡಾಡುತ್ತಿದ್ದಾಗ, ನಾವಿಬ್ಬರು ಮನುಷ್ಯರು ಮಾಡಿದ್ದು ಇಷ್ಟೇ: ಅವಳು ಒಂದು ಪುಟ ಬರೆದಳು, ನಾನು ಒಂದು ಸಾಲು ಬರೆದೆ. ಆ ಸಾಲು ಹೋಗಿ ಆ ಪುಟದ ಮೇಲೆಯೇ ಬಿತ್ತು. ಇದು ಯಂತ್ರದ ಜಾಣತನವೋ, ನನ್ನ ಮೂರ್ಖತನವೋ, ಗೂಗಲ್‌ನ ಗುಡಿಯ ಅಲ್ಲಮಪ್ರಭುವಿನ ಲೀಲೆಯೋ ನನಗಿನ್ನೂ ಬಗೆಹರಿದಿಲ್ಲ. ಗೌರಮ್ಮನಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ‘ಯಾರರ ಬರೀಲಿ, ಸಹಿ ನಿಮ್ಮದಲ್ಲೇನ್ರಿ? ಎಸರಿಗಿಡ್ರಿ’ ಎಂದಳು.

ಇಟ್ಟೆ. ಕುದಿವ ನೀರು ಹಿಟ್ಟಿಗೆ ಹೊಯ್ದು ಬೆರಳು ಸುಟ್ಟುಕೊಂಡೆ. ನಾದಿದೆ, ಬಡಿದೆ, ಹಂಚಿಗೆ ಹಾಕುವಷ್ಟರಲ್ಲಿ ರೊಟ್ಟಿ ಎರಡು ತಾಲ್ಲೂಕುಗಳಾಗಿ ಒಡೆಯಿತು. ಗೌರಮ್ಮ ಬಾಗಿಲಿಗೆ ಒರಗಿ ನಿಂತು, ಎಡಗೈ ಗಾಳಿಯಲ್ಲಿ ತಿರುಗಿಸುತ್ತ ಹೇಳಿಕೊಟ್ಟಳು.

ವಿಜಿ ಮಾನವಿಗೆ ಹಿಂದಿರುಗಿ ತನ್ನ ಮಾವನವರಿಗೆ ಎಲ್ಲವನ್ನೂ ಇದ್ದದ್ದಿದ್ದಂತೆ ಹೇಳಿ, ಆ ಒಂದು ಪುಟ ಓದಿದಳಂತೆ. ಅವರು ಕೇಳಿ ‘ಛಲೋ ಅದ’ ಎಂದು ಎದ್ದುಹೋದರು. ಅದರ ಅರ್ಥವೇನೆಂದು ಅವಳು ಫೋನು ಮಾಡಿದರೆ, ಜೀವಮಾನವೆಲ್ಲ ಆ ಶಬ್ದವನ್ನೇ ತಿಂದು ಬದುಕಿದ ನನಗೂ ತಿಳಿಯಲಿಲ್ಲ. ಎರಡು ದಿನದ ಮೇಲೆ ಗೋದಾಮಿನಿಂದ ಅಕ್ಕಿ ಚೀಲಗಳು ಹೊರಬಂದವು, ಅರ್ಥ ಅದಾಗಿತ್ತು. ಖಾನಾವಳಿ, ಹಾಸ್ಟೆಲುಗಳಿಂದ ವ್ಯಾಪಾರ ಶುರುಮಾಡುತ್ತಾಳಂತೆ. ‘ಆದ್ರ ಹದಿನೇಳನೇ ಪುಟ ತಗದುಬಿಟ್ಟೆ ಮಾಮಾ’ ಎಂದಳು, ‘ಆ ಗಿರಾಕಿ ಕೈತಪ್ಪಿ ಹೋದ.’

ನಿನ್ನೆ ಮಧ್ಯಾಹ್ನ, ನನ್ನ ಲೆಕ್ಕದಲ್ಲಿ ಮೊದಲ ಸಲ ದುಂಡಗೆ ಬಂದ ರೊಟ್ಟಿಯನ್ನು ಗೌರಮ್ಮನ ತಾಟಿಗೆ ಹಾಕಿ, ‘ಹೆಂಗದ?’ ಎಂದು ಕೇಳಿದೆ. ಕೇಳಿದ ಮೇಲೆ ಹೆದರಿದೆ, ಎಲ್ಲಿ ‘ಛಲೋ ಅದ’ ಎಂದುಬಿಡುತ್ತಾಳೋ ಎಂದು. ಅವಳು ಒಂದು ತುಂಡು ಮುರಿದು, ಪಲ್ಯ ಹಚ್ಚಿ, ನಿಧಾನಕ್ಕೆ ಅಗಿದಳು.

‘ನಡುವು ಹಸಿ ಅದ. ಅಂಚು ಸೀಳ್ಯಾದ. ಹಿಟ್ಟು ಸರಿ ನಾದಿಲ್ಲ’ ಎಂದಳು. ‘ಇನ್ನೊಂದು ಬಡೀರಿ.’