ಕೊಕ್ಕೆಯ ಬಾಯಿಗೆ ಒಂದು ಕಡ್ಡಿ

ಭಾರವಾದ ಯಂತ್ರಗಳನ್ನು ಎತ್ತುವ ಸಾಮಾನನ್ನು ಆರಿಸುವ ಕೆಲಸ ನನಗೆ ಬಂದದ್ದು ಅದಕ್ಕೆ ತಕ್ಕವಳೆಂದಲ್ಲ. ಆ ಕಚೇರಿಯಲ್ಲಿ ಕ್ಯಾಟಲಾಗುಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದವಳು ನಾನೊಬ್ಬಳೇ ಎಂಬ ಕಾರಣದಿಂದ. ಅರವತ್ತರ ದಶಕದ ಮೊದಲ ವರ್ಷಗಳು. ಮದರಾಸಿನ ರಾಯಪುರಂನಲ್ಲಿ, ಬಂದರಿನ ಗೋಡೆಗೆ ಸಮೀಪದಲ್ಲಿ ನಮ್ಮ ಸಂಸ್ಥೆಯ ಗೋದಾಮು ಇತ್ತು. ಹಡಗಿನಿಂದ ಇಳಿದ ಯಂತ್ರಗಳನ್ನು ಕೊಂಡವರ ಕಾರ್ಖಾನೆಗೆ ಸಾಗಿಸಿ, ಅಡಿಪಾಯದ ಮೇಲೆ ಕೂರಿಸಿಕೊಡುವುದು ನಮ್ಮ ವ್ಯವಹಾರ. ಟೈಪಿಸ್ಟಾಗಿ ಸೇರಿದ್ದ ನಾನು ಎರಡು ವರ್ಷಗಳಲ್ಲಿ ಖರೀದಿ ವಿಭಾಗದ ಸಹಾಯಕಿಯಾಗಿದ್ದೆ. ಇಡೀ ಕಚೇರಿಗೆ ಒಬ್ಬಳೇ ಹೆಂಗಸು. ನನಗೆಂದು ಒಂದು ಶೌಚಾಲಯವಿರಲಿಲ್ಲ. ಬೆಳಿಗ್ಗೆ ನುಂಗಂಬಾಕ್ಕಂನ ಮನೆ ಬಿಟ್ಟರೆ ಸಂಜೆ ಮನೆ ಸೇರುವವರೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡಿದ್ದೆ. ಇದು ತಪ್ಪು ಎಂದು ಮೊದಲ ವಾರವೇ ಬರೆದುಕೊಟ್ಟಿದ್ದೆ.

ನಾನು ಓದಿದ ಶಾಲೆಯಲ್ಲಿ ಬೆತ್ತವಿರಲಿಲ್ಲ, ರ್‍ಯಾಂಕುಗಳಿರಲಿಲ್ಲ. ಮರದ ಕೆಳಗೆ ಕೂರಿಸಿ, ಕಂಡ ಅನ್ಯಾಯವನ್ನು ಅನ್ಯಾಯವೆಂದೇ ಗಟ್ಟಿಯಾಗಿ ಹೇಳಬೇಕೆಂದು ಅಲ್ಲಿ ಕಲಿಸುತ್ತಿದ್ದರು. ಆ ಪಾಠವನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಮುಂದುವರಿಸಿದ್ದೆ. ಗೋದಾಮಿನ ಕೆಲಸಗಾರರಿಗೆ ಕಾಲಿಗೆ ಬೂಟಿಲ್ಲ. ಬೆರಳು ಜಜ್ಜಿಹೋದರೆ ಪರಿಹಾರವಿಲ್ಲ. ಅವರಿಗೆ ನೀರು ಕುಡಿಯಲು ಬೇರೆ ಲೋಟ, ಕಚೇರಿಯವರಿಗೆ ಬೇರೆ ಲೋಟ. ಎತ್ತಿದ ಭಾರದ ಕೆಳಗೆ ಮನುಷ್ಯರು ನಿಲ್ಲುತ್ತಾರೆ. ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಹಾಕಿದ್ದೆ.

ನಮ್ಮ ಮ್ಯಾನೇಜರು ನಮ್ಮಂತೆಯೇ ಮೂರು ತಲೆಮಾರಿನಿಂದ ಮದರಾಸಿನಲ್ಲಿ ನೆಲೆಸಿದ ಕನ್ನಡದ ಮನೆಯವರು. ಹಣೆಯ ಮೇಲೆ ಅಂಗಾರ, ಅಕ್ಷತೆ. ನಾಲಿಗೆಯ ಮೇಲೆ ಕನ್ನಡದಷ್ಟೇ ತಮಿಳು. ನೋಟ್‌ಬುಕ್ ಹಿಡಿದು ನಾನು ಒಳಗೆ ಹೋದರೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು.

"ಏನಮ್ಮಾ, ಇವತ್ತು ಎಷ್ಟನೇ ನಂಬರು?"

"ಇಪ್ಪತ್ತೊಂದು, ಸಾರ್."

"ಅದರಲ್ಲಿ ನಾನು ಎಷ್ಟು ಕಡೆ ಬರ್ತೀನಿ?"

"ನಾಲ್ಕು ಕಡೆ."

"ನಾಲ್ಕೇನಾ? ಪರವಾಯಿಲ್ಲೈ. ನಮ್ಮ ಮನೇಲಿ ಇದಕ್ಕಿಂತ ಜಾಸ್ತಿ ಲಿಸ್ಟ್ ಇದೆ."

ಅವರು ಕೆಟ್ಟವರಲ್ಲ. ಆದರೆ ಒಳ್ಳೆಯವರು ನಗುತ್ತ ಮುಂದಕ್ಕೆ ಹಾಕಿದ ತಪ್ಪು ಅಲ್ಲೇ ಉಳಿಯುತ್ತದೆ ಎಂಬುದನ್ನು ನಾನು ಆ ಕೋಣೆಯಲ್ಲೇ ಕಲಿತೆ.

ಆ ವರ್ಷ ತಮಿಳರ ಆವಣಿ ತಿಂಗಳಲ್ಲಿ, ಮದುವೆಗಳ ಕಾಲದಲ್ಲಿ, ಏಳು ಟನ್ನಿನ ಒಂದು ಮುದ್ರಣ ಯಂತ್ರ ಬಂದರಿಗೆ ಬಂತು. ಅದು ಸೇರಬೇಕಾದದ್ದು ಪುರಸೈವಾಕ್ಕಂನ ಜವಳಿ ಅಂಗಡಿಗಳ ಹಿಂದಿನ ಒಂದು ಓಣಿಯ ಛಾಪಖಾನೆಗೆ. ಲಾರಿ ಓಣಿಯ ಬಾಯಿಯವರೆಗೆ ಮಾತ್ರ ಹೋಗಬಲ್ಲದು. ಕ್ರೇನ್ ಅಷ್ಟು ಹತ್ತಿರಕ್ಕೂ ಬಾರದು. ಆದ್ದರಿಂದ ಲಾರಿ ಕಾಲುಗಳ ನಡುವೆ ಬರುವಂತೆ ನೆಲದ ಮೇಲೆ ಉಕ್ಕಿನ ಎತ್ತರದ ಮುಕ್ಕಾಲಿ ನಿಲ್ಲಿಸಿ, ಅದರ ತುದಿಗೆ ಸರಪಳಿ ಎಳೆದು ಭಾರ ಎತ್ತುವ ರಾಟೆಯನ್ನು, ಅಂದರೆ ಚೈನ್ ಬ್ಲಾಕ್ ಕಟ್ಟಿ, ಯಂತ್ರವನ್ನು ಕೊಕ್ಕೆಗೆ ಸಿಕ್ಕಿಸಿ ಮೇಲಕ್ಕೆತ್ತಬೇಕು. ಲಾರಿ ಕೆಳಗಿನಿಂದ ಸರಿದು ಹೋದ ಮೇಲೆ, ಕೈಯಿಂದ ಸರಪಳಿ ಎಳೆಯುತ್ತ ಯಂತ್ರವನ್ನು ನಿಧಾನವಾಗಿ ಇಳಿಸಬೇಕು. ಆ ಹೊತ್ತಿನಲ್ಲಿ ಅದರ ಅಡಿಯಲ್ಲಿ ಕೈಯಿಟ್ಟು, ಮುಂದೆ ಅದನ್ನು ಉರುಳಿಸಿಕೊಂಡು ಹೋಗಲು ಹಾಸಿದ ಕೊಳವೆಗಳನ್ನು ನೇರ ಮಾಡುವವನು ನಮ್ಮ ಮೇಸ್ತ್ರಿ. ಕೊಕ್ಕೆ ಕೈಕೊಟ್ಟರೆ ಹೋಗುವುದು ಅವನ ಜೀವ. ಯಾವ ಚೈನ್ ಬ್ಲಾಕ್ ಬಳಸಬೇಕೆಂದು ಬರೆದು ಸಹಿ ಹಾಕಬೇಕಾದವಳು ನಾನು.

ಹೊಸದನ್ನು ತರಿಸಲು ತಿಂಗಳುಗಟ್ಟಲೆ ಕಾಯಬೇಕಿತ್ತು. ಗೋದಾಮಿನಲ್ಲಿ ಹತ್ತು ಟನ್ನಿನವು ಎರಡು ಇದ್ದವು. ಒಂದು ಆಗಷ್ಟೇ ದಲ್ಲಾಳಿಯ ಮೂಲಕ ಬಂದದ್ದು. ಮೈತುಂಬ ಹಸಿರು ಬಣ್ಣ, ಎಷ್ಟು ಟನ್ ಎತ್ತಬಹುದೆಂದು ಕೊರೆದ ಹಿತ್ತಾಳೆಯ ತಗಡು. ಇನ್ನೊಂದು ಮೇಸ್ತ್ರಿಯ ತಂಡ ಹದಿನೈದು ವರ್ಷಗಳಿಂದ ಬಳಸುತ್ತಿದ್ದುದು. ಅದಕ್ಕೆ ತಗಡಿರಲಿಲ್ಲ. ಕೊಕ್ಕೆಯ ಮೇಲೆ ಆಯುಧಪೂಜೆಯಿಂದ ಆಯುಧಪೂಜೆಗೆ ಪದರ ಕಟ್ಟಿದ ಗಂಧ, ಕುಂಕುಮ, ಎಣ್ಣೆಯ ಜಿಡ್ಡು. ಒಣಗಿದ ಹೂವಿನ ಸರ. ಆ ಸರದ ನೂಲಿಗೆ ಸಿಕ್ಕಿಕೊಂಡ, ಪೊರಕೆಯಿಂದ ಮುರಿದಂತಿದ್ದ ಒಂದು ಒಣ ಕಡ್ಡಿ.

ನನಗೆ ಅದನ್ನು ಕಂಡು ಸಿಟ್ಟು ಬಂತು. ಮನುಷ್ಯರ ಜೀವ ತೂಗುವ ಕಬ್ಬಿಣದ ಮೇಲೆ ಹೀಗೆ ಜಿಡ್ಡು ಹಚ್ಚಿದರೆ ಬಿರುಕು ಕಾಣುವುದಾದರೂ ಹೇಗೆ? ಇಪ್ಪತ್ತೆರಡನೆಯ ತಪ್ಪು: ಮೂಢನಂಬಿಕೆ. ಮೇಸ್ತ್ರಿ ಬಂದರಿಗೆ ಹೋಗಿದ್ದ ಬೆಳಿಗ್ಗೆ, ನಾನೇ ನಿಂತು ಸೀಮೆಎಣ್ಣೆಯಲ್ಲಿ ಕೊಕ್ಕೆಯನ್ನು ತೊಳೆಸಿದೆ. ಹೂವು, ನೂಲು, ಕಡ್ಡಿ ಎಲ್ಲವೂ ಕಸದ ಬುಟ್ಟಿ ಸೇರಿ, ಅಲ್ಲಿಂದ ಚಹಾ ಕಾಯಿಸುವ ಒಲೆಗೆ ಹೋದವು. ಬಿರುಕೇನೂ ಕಾಣಲಿಲ್ಲ. ಆದರೂ ತಗಡಿದ್ದ ಹಸಿರು ಬ್ಲಾಕನ್ನೇ ಆರಿಸಿ, ಟಿಪ್ಪಣಿ ಟೈಪ್ ಮಾಡಿ ಮುಗಿಸಿದೆ. ಸಹಿಯೊಂದು ಬಾಕಿ.

ಮಧ್ಯಾಹ್ನ ಮೇಸ್ತ್ರಿ ನನ್ನ ಮೇಜಿನ ಮುಂದೆ ಬಂದು ನಿಂತ. ಐವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಕೋಲಾರದ ಚಿನ್ನದ ಗಣಿಯಲ್ಲಿ ಆಳಕ್ಕೆ ಜನರನ್ನು ಇಳಿಸುವ ಪಂಜರದ ಹಗ್ಗ, ಕೊಕ್ಕೆಗಳನ್ನು ನೋಡಿಕೊಳ್ಳುತ್ತಿದ್ದವನು. ಅವನ ಕನ್ನಡ ಆ ಕಡೆಯದು.

"ಅಮ್ಮಾ, ಕೊಕ್ಕೇಲಿ ಒಂದು ಕಡ್ಡಿ ಇತ್ತು. ಎಲ್ಲಿಕ್ಕಿದೀರಿ?"

"ಕಸದ ಜೊತೆ ಹೋಯಿತು. ಮೇಸ್ತ್ರಿ, ಕುಂಕುಮ ಹಚ್ಚಿದರೆ ಕಬ್ಬಿಣ ಗಟ್ಟಿಯಾಗುತ್ತದೆಯೇ? ನಿಮ್ಮ ಜೀವಕ್ಕಾಗಿ ಹೇಳುತ್ತಿದ್ದೇನೆ."

ಅವನು ಗೋದಾಮಿನ ಕಡೆ ತಿರುಗಿದ.

"ಕುಂಕುಮಕ್ಕೆ ಕಬ್ಬಿಣ ಗಟ್ಟಿ ಆಗಾಕಿಲ್ಲ ಅಂತ ನಂಗೂ ಗೊತ್ತಮ್ಮಾ. ಬನ್ನಿ, ತೋರಿಸ್ತೀನಿ."

ಗೋದಾಮಿನಲ್ಲಿ ಅವನು ತೊಳೆದ ಕೊಕ್ಕೆಯನ್ನು ಬೆಳಕಿಗೆ ತಿರುಗಿಸಿದ. ಬಾಯಿಯ ಎರಡು ಬದಿಯಲ್ಲಿ, ಎದುರುಬದುರಾಗಿ, ಎರಡು ಸಣ್ಣ ಗುಳಿಗಳಿದ್ದವು. ಕೊಕ್ಕೆ ಹೊಸದಾಗಿದ್ದಾಗ ಅವನೇ ಉಳಿಯಿಟ್ಟು ಹೊಡೆದವು. ಅಂದೇ, ಆ ಎರಡು ಗುಳಿಗಳ ನಡುವೆ ಬಿಗಿಯಾಗಿ ನಿಲ್ಲುವಂತೆ ತೆಂಗಿನ ಗರಿಯ ಒಂದು ಕಡ್ಡಿ ಕತ್ತರಿಸಿ ಇಟ್ಟುಕೊಂಡಿದ್ದ. ಅಳತೆ ಮೀರಿದ ಭಾರ ಎತ್ತಿದರೆ ಕೊಕ್ಕೆಯ ಬಾಯಿ ಕಣ್ಣಿಗೆ ಕಾಣದಷ್ಟು ಅಗಲವಾಗುತ್ತದೆ. ಪ್ರತಿ ಆಯುಧಪೂಜೆಗೆ, ಪ್ರತಿ ದೊಡ್ಡ ಕೆಲಸಕ್ಕೆ ಮುಂಚೆ, ಅವನು ಗುಳಿಗಳ ಮೇಲಿನ ಜಿಡ್ಡನ್ನಷ್ಟೇ ಕೆರೆದು ಕಡ್ಡಿಯಿಟ್ಟು ನೋಡುತ್ತಿದ್ದ. ಕಡ್ಡಿ ನಿಂತರೆ ಕೊಕ್ಕೆ ಸರಿ. ಸಡಿಲವಾಗಿ ಬಿದ್ದರೆ ಕೊಕ್ಕೆಯ ಆಯುಸ್ಸು ಮುಗಿಯಿತು. ಗುಳಿಗಳು ತಂಡದ ಎಲ್ಲರಿಗೂ ಗುರುತು ಸಿಗಲೆಂದು ಅವುಗಳ ಮೇಲೆಯೇ ಕುಂಕುಮದ ಬೊಟ್ಟು.

"ಹಸಿ ಕಡ್ಡಿ ಆಗಾಕಿಲ್ಲ, ಒಣಗಿದ್ರೆ ಕುಗ್ತದೆ. ಹಳೇ ಪೊರಕೇದೇ ಆಗ್ಬೇಕು," ಎಂದ, ಪಾಠ ಹೇಳುವವನಂತೆ.

"ಇದನ್ನು ಯಾರಿಗೂ ಏಕೆ ಹೇಳಲಿಲ್ಲ?"

"ಯಾರು ಕೇಳಿದ್ರಮ್ಮಾ?"

ಪಕ್ಕದಲ್ಲಿ ಸರಪಳಿ ಒರೆಸುತ್ತಿದ್ದ ಕೆಲಸಗಾರನೊಬ್ಬ ತಲೆ ಎತ್ತದೆ, "ಅಕ್ಕಾ, ನಿಮ್ಮ ಬುಕ್ಕಲ್ಲಿ ಇದಕ್ಕೆ ಯಾವ ನಂಬರು?" ಎಂದ. ಯಾರೂ ನಗಲಿಲ್ಲ, ನಕ್ಕಿದ್ದರೆ ನನಗೆ ಹಗುರವಾಗುತ್ತಿತ್ತು.

ಈಗ ಹಸಿರು ಬ್ಲಾಕಿನ ಪ್ರಶ್ನೆ. ಮೇಸ್ತ್ರಿ ಅದರ ಕೊಕ್ಕೆಯ ಬಣ್ಣ ಕೆರೆದು ಎರಡು ಗುಳಿ ಹೊಡೆದ, ಕಡ್ಡಿ ಕತ್ತರಿಸಿ ಅಳತೆ ಕೂರಿಸಿ ತೆಗೆದಿಟ್ಟ. ಅಂಗಳದಲ್ಲಿ ಮರಳು ಹಾಸಿ, ಮುಕ್ಕಾಲಿ ನಿಲ್ಲಿಸಿ, ಎರಕದ ಕಬ್ಬಿಣದ ತುಂಡುಗಳನ್ನು ಎಂಟು ಟನ್ನಿನಷ್ಟು ಕಟ್ಟಿದರು. ಸರಪಳಿಗೆ ಹಗ್ಗ ಕಟ್ಟಿ, ಎಳೆಯುವವರು ಅದರ ಉದ್ದದಷ್ಟು ದೂರ ನಿಂತರು. ಭಾರ ಒಂದು ಗೇಣು ಮೇಲೆದ್ದು ಕಾಲು ಗಂಟೆ ತೂಗಿತು. ಇಳಿಸಿದ ಮೇಲೆ ಮೇಸ್ತ್ರಿ ಕಡ್ಡಿಯನ್ನು ನನ್ನ ಕೈಗೇ ಕೊಟ್ಟ. ನಾನು ಅದನ್ನು ಗುಳಿಗಳ ನಡುವೆ ಇಟ್ಟು ಕೈ ಬಿಟ್ಟೆ. ಕಡ್ಡಿ ಮರಳಿನ ಮೇಲೆ ಬಿತ್ತು. ಮತ್ತೊಮ್ಮೆ ಇಟ್ಟೆ, ಮತ್ತೆ ಬಿತ್ತು. ಹಿತ್ತಾಳೆಯ ತಗಡು ಬೇರೆ ಯಾವುದೋ ಯಂತ್ರದ್ದಿರಬೇಕು. ದಲ್ಲಾಳಿಯ ಮೋಸವನ್ನು ಅಂದೇ ಬರೆದೆ. ಆದರೆ ಆ ತಗಡನ್ನು ನಂಬಿ ಟಿಪ್ಪಣಿ ಬರೆದವಳು ನಾನು.

ಹಳೆಯದಕ್ಕೂ ಅದೇ ಪರೀಕ್ಷೆ ಮಾಡಿದೆವು. ಎತ್ತುವ ಮುಂಚೆ ಹೊಸದಾಗಿ ಕತ್ತರಿಸಿದ ಕಡ್ಡಿ ಇಳಿಸಿದ ಮೇಲೂ ಬಿಗಿಯಾಗಿಯೇ ನಿಂತಿತು.

"ಹಾಗಾದರೆ ಇದನ್ನೇ ಬಳಸಬಹುದಲ್ಲ?" ಎಂದೆ, ಆಸೆಯಿಂದ.

"ಇವತ್ತು ತೆರ್‍ಕೊಳ್ಳಿಲ್ಲ, ಅಷ್ಟೇ. ಹೋದ ಸಲ ಕಡ್ಡಿ ಇಟ್ಟು ನೋಡಿದ್ಮೇಲೆ ಎರಡು ಬಾಯ್ಲರ್ ಎತ್ತಿದೀವಿ. ಅದರಾಗೆ ಎಷ್ಟು ತೆರ್‍ಕೊಂಡೈತೋ, ಹೇಳೋ ಕಡ್ಡಿ ಒಲೇಲಿ ಬೆಂದೋಯ್ತು." ಅವನ ದನಿಯಲ್ಲಿ ದೂರಿರಲಿಲ್ಲ. "ನೀವು ಸಹಿ ಹಾಕಿದ್ರೆ ನಾನು ಕೆಳಗೆ ನಿಂತ್ಕೋತೀನಿ. ನಿಲ್ಲಲ್ಲ ಅನ್ನೋಕಿಲ್ಲ. ಆದ್ರೆ ನೀವು ಕೇಳಿದ್ರಿ, ಅದಕ್ಕೆ ಹೇಳ್ದೆ."

ಆ ರಾತ್ರಿ ಮನೆಯಲ್ಲಿ ನನ್ನ ಪಟ್ಟಿಯನ್ನು ಮೊದಲಿನಿಂದ ಓದಿದೆ. ನನ್ನ ನೋಟ್‌ಬುಕ್ಕಿನಲ್ಲಿ, ಎತ್ತಿದ ಭಾರದ ಕೆಳಗೆ ಮನುಷ್ಯರು ನಿಲ್ಲುವುದು ಏಳನೆಯ ತಪ್ಪು. ಅದನ್ನು ಬರೆದ ನಾನೇ ಕೊಕ್ಕೆ ಯಾವುದಿರಬೇಕೆಂದು ಮಾತ್ರ ಯೋಚಿಸಿದ್ದೆ; ಯಂತ್ರವನ್ನು ತೂಗಿಸಲೇಬೇಕೆ ಎಂದು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅದನ್ನೇ ಮೇಸ್ತ್ರಿಯನ್ನು ಕೇಳಿದೆ. ಅವನು ತಡಮಾಡದೆ ಉತ್ತರಿಸಿದ. ಲಾರಿಯ ಪಕ್ಕದಲ್ಲಿ, ಅದರ ಎತ್ತರಕ್ಕೆ ಸರಿಯಾಗಿ ರೈಲು ಹಳಿಯ ಅಡಿಗೆ ಹಾಕುವ ಮರದ ಸ್ಲೀಪರುಗಳನ್ನು ಅಡ್ಡ, ಉದ್ದ ಪೇರಿಸಿ ಕಟ್ಟೆ ಕಟ್ಟುವುದು. ಯಂತ್ರವನ್ನು ಕೊಳವೆಗಳ ಮೇಲೆ ಉರುಳಿಸಿ ಕಟ್ಟೆಗೆ ತರುವುದು. ಆಮೇಲೆ ನಾಲ್ಕು ಮೂಲೆಗೆ ತಿರುಗಿಸಿ ಭಾರ ಎತ್ತುವ ಸ್ಕ್ರೂ ಜಾಕ್ ಕೊಟ್ಟು, ಒಂದು ಬೆರಳು ಎತ್ತಿ, ಒಂದು ಪದರ ಸ್ಲೀಪರ್ ತೆಗೆದು, ಇಳಿಸುವುದು. ಮತ್ತೆ ಎತ್ತಿ, ಮತ್ತೊಂದು ಪದರ ತೆಗೆಯುವುದು. ಯಂತ್ರ ಎಂದೂ ಗಾಳಿಯಲ್ಲಿ ತೂಗುವುದಿಲ್ಲ; ಯಾರೂ ಅದರ ಕೆಳಗೆ ನಿಲ್ಲಬೇಕಾಗಿಲ್ಲ. ಅರ್ಧ ದಿನದ ಕೆಲಸಕ್ಕೆ ನಾಲ್ಕು ದಿನ ಬೇಕು.

ಹಳೆಯ ಟಿಪ್ಪಣಿಯನ್ನು ಹರಿದು ಹೊಸದನ್ನು ಟೈಪ್ ಮಾಡಿದೆ. ಸ್ಕ್ರೂ ಜಾಕ್ ಆರು, ಅವುಗಳಲ್ಲಿ ಎರಡು ಹೆಚ್ಚುವರಿ. ಸ್ಲೀಪರ್ ಅರವತ್ತು. ದಪ್ಪ ಗೋಡೆಯ ಕೊಳವೆ ಹನ್ನೆರಡು. ಮೀಟಲು ಕಬ್ಬಿಣದ ಹಾರೆ ಎಂಟು. ಚೈನ್ ಬ್ಲಾಕ್ ಬೇಡ. ಕಾರಣಗಳ ಪಟ್ಟಿಯಲ್ಲಿ, ಹಳೆಯ ಬ್ಲಾಕಿನ ಅಳತೆಯನ್ನು ಅಜ್ಞಾನದಿಂದ ನಾಶಮಾಡಿದವಳು ಈ ಟಿಪ್ಪಣಿಯನ್ನು ಬರೆದವಳೇ ಎಂದು ಸೇರಿಸಿ, ಸಹಿ ಹಾಕಿದೆ.

ಮ್ಯಾನೇಜರು ಎರಡು ಸಲ ಓದಿದರು.

"ನಾಲ್ಕು ದಿನ ಬೀದಿ ಅಡ್ಡ ಹಾಕಿದ್ರೆ ಆ ಜವಳಿ ಅಂಗಡಿಯೋರು ನನ್ನ ಸುಮ್ಮನೆ ಬಿಡ್ತಾರಾ? ಆವಣಿ ಮುಹೂರ್ತ, ಸೀರೆ ವ್ಯಾಪಾರ ಜೋರು. ಮೇಸ್ತ್ರಿ ಇಷ್ಟು ವರ್ಷ ನಿಲ್ಲಲಿಲ್ಲವಾ ಕೆಳಗೆ?"

"ಅಷ್ಟು ವರ್ಷ ಅವರ ಬಳಿ ಕಡ್ಡಿ ಇತ್ತು, ಸಾರ್. ಅದನ್ನು ಸುಟ್ಟವಳು ನಾನು. ತೂಗಿಸುವುದಾದರೆ ನೀವು ಸಹಿ ಹಾಕಿ; ನಾನು ಹಾಕಲಾರೆ."

ಅವರು ಪೆನ್ನು ಕೈಗೆ ತೆಗೆದುಕೊಂಡರು, ಮತ್ತೆ ಇಟ್ಟರು. ಕಿಟಕಿಯಿಂದ ಕಾಣುತ್ತಿದ್ದ ಅಂಗಳದಲ್ಲಿ ಮೇಸ್ತ್ರಿ ಮರಳನ್ನು ಬುಟ್ಟಿಗೆ ತುಂಬುತ್ತಿದ್ದ.

"ಸ್ಲೀಪರ್ ಅರವತ್ತು ಸಾಕೇನಮ್ಮಾ? ಎಂಬತ್ತು ಬರಿ," ಎಂದರು.

ಪುರಸೈವಾಕ್ಕಂನಲ್ಲಿ ನಾಲ್ಕು ದಿನವೂ ನಾನು ಹೋಗಿ ನಿಂತೆ. ಸೀರೆಗೆ ಬಂದ ಹೆಂಗಸರು ಕಟ್ಟೆಯನ್ನು ಸುತ್ತಿಕೊಂಡು ಹೋದರು. "ಯಾವ ದೇವರಿಗೆ ಇದು ಗುಡಿ?" ಎಂದು ಅಂಗಡಿಯವನೊಬ್ಬ ತಮಿಳಿನಲ್ಲಿ ಬೈದ. ಮೇಸ್ತ್ರಿ ಪ್ರತಿ ಪದರಕ್ಕೂ "ನಿಲ್ಲಿ" ಎಂದು ಕೂಗಿ, ನಾಲ್ಕು ಮೂಲೆ ಸುತ್ತಿ ನೋಡಿ, ಆಮೇಲೆ "ಬಿಡಿ" ಎನ್ನುತ್ತಿದ್ದ. ಯಂತ್ರ ಬೆರಳು ಬೆರಳಾಗಿ ಇಳಿದು, ಓಣಿಯಲ್ಲಿ ಉರುಳಿ, ತನ್ನ ಅಡಿಪಾಯವನ್ನು ಸೇರಿತು. ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ನನಗೆ ಬೇಕಾಗಿದ್ದುದೂ ಅದೇ.

ಎಲ್ಲ ತಪ್ಪುಗಳೂ ಸರಿಹೋಗಲಿಲ್ಲ. ಬೂಟುಗಳು ಮರುವರ್ಷ ಬಂದವು. ಬೇರೆ ಲೋಟವನ್ನು ತೆಗೆಸಲು ಇನ್ನೆರಡು ವರ್ಷ ಹಿಡಿಯಿತು. ಹಳೆಯ ಬ್ಲಾಕನ್ನು ಸಣ್ಣ ಭಾರಗಳಿಗೆ ಮಾತ್ರ ಎಂದು ಬರೆಸಿದೆವು, ಹಸಿರು ಕೊಕ್ಕೆಯನ್ನು ಕೊಯ್ದು ಎರಡು ತುಂಡು ಮಾಡಿಸಿದೆವು.

ಮರುವರ್ಷದ ಆಯುಧಪೂಜೆಯ ಹೊತ್ತಿಗೆ ಹೊಸ ಚೈನ್ ಬ್ಲಾಕ್ ಬಂತು. ಮೇಸ್ತ್ರಿ ಗುಳಿ ಹೊಡೆದು, ಹಳೆಯ ಪೊರಕೆಯ ಕಟ್ಟನ್ನೂ ಚಾಕುವನ್ನೂ ನನ್ನ ಮುಂದಿಟ್ಟ. ಈ ಸಲ ಎರಡು ಕಡ್ಡಿ: ಒಂದು ಕೊಕ್ಕೆಗೆ, ಇನ್ನೊಂದು ನನ್ನ ಫೈಲಿಗೆ. ಕೊಕ್ಕೆಯದನ್ನು ಅವನು ಕತ್ತರಿಸಿದ. ಫೈಲಿನದು ನನ್ನ ಪಾಲು. ನಾನು ಕತ್ತರಿಸಿದ ಮೊದಲನೆಯದು ಗಿಡ್ಡವಾಯಿತು.

"ಇದು ಊಟದೆಲೆ ಹೊಲೆಯೋಕೆ ಆಯ್ತದಮ್ಮಾ," ಎಂದು ಮೇಸ್ತ್ರಿ ಅದನ್ನು ಪಕ್ಕಕ್ಕಿಟ್ಟ. "ಇನ್ನೊಂದು ತಗೊಳ್ಳಿ. ಅವಸರ ಇಲ್ಲ."

ಮೂರನೆಯದು ನಿಂತಿತು. ಗುಳಿಗಳ ಮೇಲೆ ಕುಂಕುಮ ಇಟ್ಟವಳು ನಾನೇ.